ಬ್ಯಾಂಕಿನ ಮನೆ ನೋಡಲು ಹೋದದ್ದು

ಗಂಡಿನ ಮನೆ ನೋಡಲು ಪುಟ್ಟಸ್ವಾಮಿಯನ್ನು ಕರೆದುಕೊಂಡು ಹೋಗುವುದೆಂದರೆ ನಾಗಮಂಗಲದ ಸುತ್ತಿನ ಹಳ್ಳಿಗಳಲ್ಲಿ ಅರ್ಧ ಮದುವೆ ಮುರಿದಂತೆಯೇ ಲೆಕ್ಕ. ಹೆಣ್ಣಿನ ಕಡೆಯವರು ಕಾಫಿ ಹೀರುತ್ತ, ಗೋಡೆಯ ಮೇಲಿನ ಫೋಟೋಗಳನ್ನು ಮೆಚ್ಚುತ್ತ ಕೂತಿದ್ದರೆ ಈತ ಸೀದಾ ಹಿತ್ತಲಿಗೆ ನಡೆದುಬಿಡುತ್ತಿದ್ದ. ಕೊಟ್ಟಿಗೆಯ ಹಸು ಆ ಮನೆಯದೋ, ಹೆಣ್ಣಿನವರು ಬರುತ್ತಾರೆಂದು ಪಕ್ಕದ ಮನೆಯಿಂದ ಹೊಡೆದುಕೊಂಡು ಬಂದದ್ದೋ ಎಂದು ತಿಳಿಯಲು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ಮನೆಯ ಹೆಂಗಸು ಹತ್ತಿರ ಸುಳಿದಾಗ ಹಸು ತಲೆ ಎತ್ತುತ್ತದೋ ಇಲ್ಲವೋ ನೋಡಿದರೆ ಸಾಕಿತ್ತು. ಪಾಂಡವಪುರದ ಒಬ್ಬ ಗಂಡನ್ನು ಅಂಗಳದಲ್ಲಿ ನಿಂತಿದ್ದ ಬಾಡಿಗೆ ಟ್ರಾಕ್ಟರಿನ ದೆಸೆಯಿಂದ ಬೇಡವೆಂದಿದ್ದ. ಶ್ರೀರಂಗಪಟ್ಟಣದ ಇನ್ನೊಬ್ಬನದು ಗುತ್ತಿಗೆ ಗದ್ದೆ ಎಂದು ಬಾಳೆ ಎಲೆಯ ಮುಂದೆ ಕೂತಿದ್ದ ಬಂಧುಗಳನ್ನೆಲ್ಲ ಎಬ್ಬಿಸಿಕೊಂಡು ಬಂದಿದ್ದ. ಅವನು ಒಪ್ಪಿದ ಮನೆಗಳಿಗೆ ಹೋದ ಹೆಣ್ಣುಮಕ್ಕಳು ಹೇಗಿದ್ದಾರೆಂದು ಮಾತ್ರ ಯಾರೂ ವಿಚಾರಿಸಿದವರಿಲ್ಲ. ತಪ್ಪು ಹುಡುಕುವವನಿಗೆ ನಮ್ಮಲ್ಲಿ ಸಿಗುವ ಮರ್ಯಾದೆಯೇ ಬೇರೆ.

ಆ ಮರ್ಯಾದೆಯೊಂದೇ ಈಗ ಅವನಿಗೆ ಉಳಿದಿದ್ದದ್ದು. ಹಿಂದೆ ಒಂದು ಅವಧಿಗೆ ಊರಿನ ಹಾಲಿನ ಡೇರಿಯ ಅಧ್ಯಕ್ಷನಾಗಿದ್ದ, ಮುಂದಿನ ಚುನಾವಣೆಯಲ್ಲಿ ಸೋತ. ಅಲ್ಲಿಂದ ಇಲ್ಲಿಯವರೆಗೆ ಯಾವ ವೇದಿಕೆಯವರೂ ಅವನನ್ನು ಮೇಲಕ್ಕೆ ಕರೆದಿರಲಿಲ್ಲ. ಶಾಲೆಯ ವಾರ್ಷಿಕೋತ್ಸವಕ್ಕೆ ಹೋದರೆ ಮಕ್ಕಳ ತಾಯಂದಿರ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬರುತ್ತಿದ್ದ, ಬಂದವನು ಎರಡು ದಿನ ಮನೆಯವರ ಮೇಲೆ ರೇಗುತ್ತಿದ್ದ.

ಅವನ ತಂಗಿ ಬೈರಮ್ಮ ಗಂಡನನ್ನು ಕಳೆದುಕೊಂಡವಳು, ಅದೇ ಊರಿನಲ್ಲಿ ಮಗಳು ಅನುವಿನ ಜೊತೆ ಇದ್ದಳು. ಅವಳ ತೆಂಗಿನ ತೋಟದಲ್ಲಿ ಮುಕ್ಕಾಲು ಪಾಲು ಹೊಸ ರಸ್ತೆಗೆ ಹೋಗಿ, ಪರಿಹಾರದ ಹಣ ನಾಗಮಂಗಲದ ಸರ್ಕಾರಿ ಬ್ಯಾಂಕಿನಲ್ಲಿ ಕೂತಿತ್ತು. ತೋಟವಿಲ್ಲದ ಮೇಲೆ ಅವಳ ಮುಂದಿನ ಜೀವನ, ಅನುವಿನ ಮದುವೆ, ಕಾಯಿಲೆ ಕಸಾಲೆ ಎಲ್ಲವೂ ಆ ಒಂದು ಗಂಟಿನ ಮೇಲೆಯೇ ನಿಂತಿತ್ತು. ಹೀಗಿರುವಾಗ ಕೆ.ಆರ್. ಪೇಟೆಯ ಹೊನ್ನಗಿಂಡಿ ಸಹಕಾರ ಬ್ಯಾಂಕಿನವರು ಷೇರು ಕೊಡುತ್ತೇವೆಂದು ಊರೂರಿಗೆ ಆಟೋದಲ್ಲಿ ಮೈಕು ಕಟ್ಟಿಸಿ ಕೂಗಿಸಿದರು. ಪುಟ್ಟ ಬ್ಯಾಂಕು, ಒಂದೇ ಶಾಖೆ, ಸರ್ಕಾರಿ ಬಡ್ಡಿಯ ಎರಡರಷ್ಟು ಲಾಭಾಂಶ ಎಂಬ ಆಸೆ.

"ನಂಗೇನ್ ಗೊತ್ತಾಯ್ತದಣ್ಣಯ್ಯ. ನೀನೊಂದ್ಸಲ ನೋಡ್ಕಂಡು ಹೇಳು. ನೀನು ಹೂಂ ಅಂದ್ರೆ ಹಾಕ್ತೀನಿ," ಎಂದಳು ಬೈರಮ್ಮ.

"ಬ್ಯಾಂಕಾದ್ರೇನು, ಗಂಡಿನ ಮನೆಯಾದ್ರೇನು. ನೋಡೋ ಕಣ್ಣು ಒಂದೇ ಕಣಮ್ಮಿ," ಎಂದ ಪುಟ್ಟಸ್ವಾಮಿ. ಈ ಮಾತನ್ನು ಅವನು ನಂಬಿದ್ದ ಎನ್ನುವುದೇ ಮುಂದಿನ ಕಥೆಗೆಲ್ಲ ಕಾರಣ.

ಸೋಮವಾರ ರಾಹುಕಾಲ ಕಳೆದ ಮೇಲೆ ಓಮ್ನಿಯಲ್ಲಿ ಹೊರಟರು. ಅಣ್ಣ, ತಂಗಿ, ಅನು ಸೇರಿದರೆ ಮೂವರಾಗುತ್ತದೆ, ಮೂವರು ಶುಭಕ್ಕೆ ಹೋಗಬಾರದು ಎಂದು ಪಕ್ಕದ ಮನೆಯ ಗಂಡಹೆಂಡಿರನ್ನೂ ಹತ್ತಿಸಿಕೊಂಡರು. ಬೈರಮ್ಮ ರೇಷ್ಮೆ ಸೀರೆ ಉಟ್ಟಿದ್ದಳು. ಪುಟ್ಟಸ್ವಾಮಿ ಬಿಳಿ ಪಂಚೆಗೆ ಇಸ್ತ್ರಿ ಹಾಕಿಸಿದ್ದ. ಇಷ್ಟು ಸಡಗರದಿಂದ ಯಾವ ಷೇರುದಾರನೂ ಯಾವ ಬ್ಯಾಂಕಿಗೂ ಹೋಗಿರಲಾರ.

ಒಳಗೆ ಕಾಲಿಟ್ಟವನೇ ಅವನು ತನ್ನ ಕೆಲಸ ಶುರುಮಾಡಿದ. ಗ್ರಾನೈಟು ಹೊಸದು, ಆದರೆ ಕಟ್ಟಡ ಬಾಡಿಗೆಯದು. ಮೆಟ್ಟಿಲ ಬಳಿಯ ಕರೆಂಟು ಮೀಟರಿನ ಮೇಲೆ ಬೇರೆ ಹೆಸರಿತ್ತು. ಕೌಂಟರಿನ ಮುಂದೆ ಸಾಲುಗಟ್ಟಿದ್ದ ಗಿರಾಕಿಗಳಲ್ಲಿ ಇಬ್ಬರ ಕೈ ಡೀಸೆಲ್ ವಾಸನೆ ಹೊಡೆಯುತ್ತಿತ್ತು. ಬ್ಯಾಂಕಿನ ಅಧ್ಯಕ್ಷ ರಘುನಂದನ್‌ಗೆ ಊರಾಚೆ ಪೆಟ್ರೋಲ್ ಬಂಕು ಇರುವುದು ಎಲ್ಲರಿಗೂ ತಿಳಿದದ್ದೇ, ಅಲ್ಲಿಯ ಆಳುಗಳನ್ನೇ ತಂದು ಸಾಲಿನಲ್ಲಿ ನಿಲ್ಲಿಸಿದ್ದ. ಪುಟ್ಟಸ್ವಾಮಿ ತಂಗಿಯ ಕಡೆ ತಿರುಗಿ ತುಟಿ ಕೊಂಕಿಸಿದ. ಅಲ್ಲಿಗೇ ತಿರುಗಿ ಹೊರಟಿದ್ದರೆ ಅವನ ಹೆಸರು ಇನ್ನೂ ಹತ್ತು ವರ್ಷ ಬಾಳುತ್ತಿತ್ತು.

ಅಷ್ಟರಲ್ಲಿ ರಘುನಂದನ್ ಗಾಜಿನ ಕೋಣೆಯಿಂದ ಎದ್ದು ಬಂದು ಕೈಮುಗಿದು ಒಳಗೆ ಕರೆದೊಯ್ದ. ನಲವತ್ತರ ಆಸುಪಾಸಿನ ಮನುಷ್ಯ, ಮಾತು ಮೆತ್ತಗೆ. ಕೂತ ತಕ್ಷಣ ಪುಟ್ಟಸ್ವಾಮಿ ತನ್ನ ಮಾಮೂಲಿ ಪ್ರಶ್ನೆಯನ್ನೇ ಎತ್ತಿದ. "ಯಾರ ಪೈಕಿಯಪ್ಪ ನೀವು? ತಾಯಿ ಕಡೆ ಯಾವೂರು?"

ಬ್ಯಾಂಕಿಗೆ ಬಂಡವಾಳ ಎಷ್ಟಿದೆ, ಸಾಲ ಎಷ್ಟು ವಸೂಲಾಗಿದೆ ಎಂದು ಕೇಳಬೇಕಾದ ಜಾಗದಲ್ಲಿ ಈ ಮನುಷ್ಯ ಕೇಳಿದ್ದು ಇದನ್ನು. ಕೇಳಿದ್ದಕ್ಕೆ ತಕ್ಕ ಉತ್ತರವೂ ಸಿಕ್ಕಿತು. ರಘುನಂದನ್‌ನ ಅಜ್ಜಿ, ಅಂದರೆ ತಾಯಿಯ ತಾಯಿ, ಕಿಕ್ಕೇರಿಯ ಹತ್ತಿರದ ಹಳ್ಳಿಯವಳು. ಪುಟ್ಟಸ್ವಾಮಿಯ ತಾಯಿಯ ತವರೂ ಅದೇ ಹಳ್ಳಿ, ಅದೇ ದೊಡ್ಡಮನೆ. ಎಳೆ ಹಿಡಿದು ಎಣಿಸುತ್ತ ಹೋದಂತೆ ಅಧ್ಯಕ್ಷನ ತಾಯಿ ಪುಟ್ಟಸ್ವಾಮಿಗೆ ತಂಗಿಯ ವರಸೆಯಾದಳು.

"ಅಂಗಾದ್ರೆ ನೀವು ನಂಗೆ ಸೋದರಮಾವ," ಎಂದ ರಘುನಂದನ್, ಎದ್ದು ಕಾಲು ಮುಟ್ಟಿಯೇಬಿಟ್ಟ.

ಬಾಡಿಗೆ ಕಟ್ಟಡವೂ ಡೀಸೆಲ್ ವಾಸನೆಯೂ ಆ ಗಳಿಗೆಯಲ್ಲೇ ಮಾಯವಾದವು. ಕಾಫಿ ಬಂತು, ಗೋಡಂಬಿ ಬಂತು. ಬೈರಮ್ಮ ಮಾತ್ರ ಲೋಟವನ್ನು ಮೇಜಿನ ಮೇಲಿಟ್ಟು ಕೇಳಿದಳು. "ಅಲ್ಲ ಕಣಪ್ಪ, ನಾಳೆ ನಂಗೆ ದುಡ್ಡು ಬೇಕು ಅಂದ್ರೆ ಕೊಟ್ಬುಡ್ತೀರಾ?"

"ಷೇರು ಅಂದ್ರೆ ಠೇವಣಿ ಇದ್ದಂಗಲ್ಲ ದೊಡ್ಡವ್ವ. ಅರ್ಜಿ ಕೊಡ್ಬೇಕು, ಬೋರ್ಡು ಒಪ್ಬೇಕು. ಠೇವಣಿಗೆ ವಿಮೆ ಅದೆ, ಷೇರಿಗೆ ಇಲ್ಲ. ಷೇರು ತಕಂಡೋರು ಬ್ಯಾಂಕಿನ ಮಾಲೀಕರು. ಮಾಲೀಕರಿಗೆ ಯಾರು ವಿಮೆ ಕೊಡ್ತಾರೆ?"

"ಸಾಲ ಯಾರ್ಯಾರಿಗೆ ಕೊಟ್ಟಿದ್ದೀರಿ?" ಬೈರಮ್ಮನೇ ಮತ್ತೆ ಕೇಳಿದಳು.

"ಹೊರಗಿನೋರಿಗೆ ಕೊಡೋದೇ ಇಲ್ಲ. ನಮ್ಮ ಭಾಮೈದನ ಕಲ್ಯಾಣ ಮಂಟಪಕ್ಕೆ, ನಮ್ಮ ಷಡ್ಡಕನ ಲೇಔಟಿಗೆ, ಡೈರೆಕ್ಟ್ರುಗಳ ಮಕ್ಕಳಿಗೆ. ಎಲ್ಲಾ ನಮ್ಮೋರೇ."

ಅವನೇನೂ ಸುಳ್ಳು ಹೇಳಲಿಲ್ಲ ಎನ್ನುವುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಮುಳುಗುವ ದಾರಿಯನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದ, ಅದೂ ಹೆಮ್ಮೆಯಿಂದ. ಪುಟ್ಟಸ್ವಾಮಿ ಅಷ್ಟೇ ಹೆಮ್ಮೆಯಿಂದ ತಲೆದೂಗಿದ. ಬೈರಮ್ಮ ಇನ್ನೊಂದು ಮಾತಿಗೆ ಬಾಯಿ ತೆಗೆದಾಗ, "ನೀನ್ ಸುಮ್ಕಿರಮ್ಮಿ, ನೆಂಟರ ಮನೇಲಿ ಇಂಗೆಲ್ಲ ಕೇಳ್ತಾರಾ," ಎಂದು ಗದರಿದ.

ಹೊರಡುವ ಮುನ್ನ ರಘುನಂದನ್ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಕಿವಿಯ ಹತ್ತಿರ ಬಗ್ಗಿ ಹೇಳಿದ. "ನಾಗಮಂಗಲದ ಕಡೆಯಿಂದ ಒಬ್ರು ಡೈರೆಕ್ಟ್ರು ಬೇಕಾಗಿತ್ತು ಮಾವ. ದೊಡ್ಡವ್ವನ ದುಡ್ಡಷ್ಟೂ ನಿಮ್ಮ ಕಡೆಯಿಂದ ಬಂದ್ರೆ ಆ ಕುರ್ಚಿ ನಿಮ್ದೇ."

ದಾರಿಯುದ್ದಕ್ಕೂ ಪುಟ್ಟಸ್ವಾಮಿ ಪೇಟ ತೆಗೆಯಲಿಲ್ಲ. ಓಮ್ನಿಯ ಚಾವಣಿ ತಗ್ಗು, ತಲೆ ಬಗ್ಗಿಸಿಕೊಂಡೇ ಮಾತಾಡಿದ. ಮನೆತನ ಎಂಥದ್ದು, ನಡತೆ ಎಂಥದ್ದು, ಇಂಥ ಬ್ಯಾಂಕು ಮೂರು ತಾಲ್ಲೂಕಿನಲ್ಲಿ ಇನ್ನೊಂದಿಲ್ಲ ಎಂದ. ಬೈರಮ್ಮ ಕಿಟಕಿಯಾಚೆ ನೋಡುತ್ತ ಕೇಳಿಸಿಕೊಂಡಳು. ಅವಳಿಗೆ ಅಣ್ಣನ ಮೇಲೆ ನಂಬಿಕೆ ಇತ್ತು, ಆ ಬ್ಯಾಂಕಿನ ಮೇಲೆ ಹುಟ್ಟಲಿಲ್ಲ.

ಮನೆಗೆ ಬಂದ ಮೇಲೆ ಕೇಳಿದಳು. "ಅಷ್ಟು ಚೆನ್ನಾಗಿದ್ರೆ ನೀನೆಷ್ಟು ಹಾಕ್ತೀಯಣ್ಣಯ್ಯ?"

"ನಂದು ಸರ್ಕಾರಿ ಬ್ಯಾಂಕಲ್ಲಿ ಠೇವಣಿ ಅದೆ. ಅರ್ಧದಲ್ಲಿ ಮುರಿದ್ರೆ ಬಡ್ಡಿ ಲುಕ್ಸಾನು."

"ನಂದೂ ಅಲ್ಲೇ ಅದೆ. ನೀನು ಮೊದಲು ಹಾಕು. ನೀನು ಹಾಕಿದಷ್ಟು ನಾನೂ ಹಾಕ್ತೀನಿ."

ಅಲ್ಲಿ ಅನು ಕೂತಿದ್ದಳು, ಪಕ್ಕದ ಮನೆಯ ಗಂಡಹೆಂಡಿರೂ ಕಾಫಿಗೆಂದು ಉಳಿದಿದ್ದರು. ಅವರೆಲ್ಲರ ಮುಂದೆ ಹಿಂದೆಗೆಯುವುದು ಹೇಗೆ? "ಅದಕ್ಕೇನಂತೆ, ನಾಳೆನೇ ಹಾಕ್ತೀನಿ," ಎಂದುಬಿಟ್ಟ.

ಮರುದಿನ ಬೆಳಿಗ್ಗೆ ನಾಗಮಂಗಲದ ಬ್ಯಾಂಕಿಗೆ ಹೋಗಿ ಠೇವಣಿ ಮುರಿಸುವುದಕ್ಕೆ ಏನೇನು ಬೇಕೆಂದು ವಿಚಾರಿಸಿಕೊಂಡು, ಕೆ.ಆರ್. ಪೇಟೆಯ ಬಸ್ಸು ಹತ್ತಿದ. ಗಾಜಿನ ಕೋಣೆಯಲ್ಲಿ ಅದೇ ಕುರ್ಚಿ, ಅದೇ ಗೋಡಂಬಿ. ರಘುನಂದನ್ ಷೇರಿನ ಅರ್ಜಿಯನ್ನು ಮುಂದಕ್ಕೆ ತಳ್ಳಿ, ಸಹಿ ಹಾಕಬೇಕಾದ ಜಾಗದಲ್ಲಿ ಬೆರಳಿಟ್ಟ. ಪುಟ್ಟಸ್ವಾಮಿ ಪೆನ್ನು ತೆರೆದ, ಆಮೇಲೆ ಮತ್ತೆ ಮುಚ್ಚಿದ.

"ಅಲ್ಲ ಕಣಪ್ಪ ರಘು, ನಾಳೆ ನಂಗೆ ದುಡ್ಡು ಬೇಕು ಅಂದ್ರೆ?"

"ನಿನ್ನೆ ದೊಡ್ಡವ್ವಂಗೆ ಹೇಳಿದ್ನಲ್ಲ ಮಾವ. ಅರ್ಜಿ ಕೊಡ್ಬೇಕು, ಬೋರ್ಡು ಒಪ್ಬೇಕು."

"ಆ ಕಲ್ಯಾಣ ಮಂಟಪದ ಸಾಲ ಕಟ್ತಾವ್ರಾ?"

"ಕಟ್ತಾರೆ ಬುಡಿ, ನಮ್ಮ ಭಾಮೈದನೇ ಅಲ್ವಾ. ಎರಡು ವರ್ಷದಿಂದ ಮುಹೂರ್ತ ಕಮ್ಮಿ, ಅದಕ್ಕೇ ಒಸಿ ತಡ."

ನಿನ್ನೆ ಜೇನಿನಂತೆ ಇಳಿದಿದ್ದ ಅವೇ ಉತ್ತರಗಳು ಈಗ ಒಂದೊಂದೂ ಗಂಟಲಲ್ಲಿ ಸಿಕ್ಕಿಕೊಂಡವು. ಭಾಮೈದ ಕಟ್ಟದಿದ್ದರೆ ಕೇಳುವವರು ಯಾರು? ಬೋರ್ಡಿನಲ್ಲಿ ಕೂತವರೆಲ್ಲ ಅವನ ಮನೆಯ ಊಟ ಉಂಡವರೇ. ಕಟ್ಟಡ ಬಾಡಿಗೆಯದು, ಗಿರಾಕಿಗಳು ಬಂಕಿನವರು. ಪುಟ್ಟಸ್ವಾಮಿಯ ಕಣ್ಣು ಮತ್ತೆ ಚುರುಕಾಯಿತು. ತನ್ನ ಗಂಟು ಹೊರಬರುವ ಹೊತ್ತಿಗೆ ಈ ಮಹಾನುಭಾವನಿಗೆ ಎಲ್ಲವೂ ಕಂಡಿತು. ಮನೆಯಲ್ಲಿ ಒಂದು ಮಾತು ಕೇಳಿಕೊಂಡು ಬರುತ್ತೇನೆಂದು ಎದ್ದ. ರಘುನಂದನ್ ಬಾಗಿಲತನಕವೂ ಬರಲಿಲ್ಲ. "ಆಗ್ಲಿ ಯಜಮಾನ್ರೇ," ಎಂದು ಫೋನು ತೆಗೆದುಕೊಂಡ.

ಊರು ತಲುಪುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಬಸ್ಸಿಳಿದವನು ಸೀದಾ ತಂಗಿಯ ಮನೆಗೆ ನಡೆದ. ಬೈರಮ್ಮ ಅವನಿಗೇ ಕಾದಿದ್ದಳು. ತಟ್ಟೆ ಇಟ್ಟು, ಮುದ್ದೆ ಹಾಕಿ, ಉಪ್ಸಾರು ಬಡಿಸಿ ಎದುರಿಗೆ ಕೂತಳು.

"ಹಾಕ್ಬುಟ್ಟು ಬಂದಾ?"

"ಇಲ್ಲ ಕಣಮ್ಮಿ. ಅದು ಬ್ಯಾಡ ನಮಗೆ." ಹೊಸದೊಂದು ಗುಟ್ಟು ಹಿಡಿದು ತಂದವನಂತೆ ಅವನು ದನಿ ತಗ್ಗಿಸಿದ. "ಸಾಲ ಎಲ್ಲಾನೂ ನೆಂಟರಿಗೇ ಕೊಟ್ಕೊಂಡವ್ರೆ. ಹಾಕಿದ ದುಡ್ಡು ಬೇಕಂದಾಗ ಬರಾಕಿಲ್ಲ. ವಿಮೆನೂ ಇಲ್ಲ. ನಾನು ಬುಡ್ದೆ ಕೇಳ್ದೆ ನೋಡು, ಎಲ್ಲಾ ಈಚೆಗೆ ಬಂತು."

ಬೈರಮ್ಮನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಅವನು ತಿರುಗಿ ಕೂಗಾಡಿ ಗೆಲ್ಲುತ್ತಿದ್ದ.

"ನಿನ್ನೆ ನಾನೂ ಇದನ್ನೇ ಕೇಳಿದ್ದು," ಎಂದಳು. "ನೀನು ಸುಮ್ಕಿರು ಅಂದೆ."

ಪುಟ್ಟಸ್ವಾಮಿ ತಟ್ಟೆಯ ಕಡೆ ಬಗ್ಗಿ ಮುದ್ದೆ ಮುರಿದು ಸಾರಿಗೆ ಅದ್ದಿದ.

"ನಿಂದು ಉಳೀಬೇಕು, ನಂದು ಹೋದ್ರೆ ಹೋಗ್ಲಿ ಅಂತಿದ್ಯಲ್ಲಣ್ಣಯ್ಯ," ಎಂದು ಬೈರಮ್ಮ ಎದ್ದು, ಇನ್ನೊಂದು ಸೌಟು ಸಾರು ಬಡಿಸಿ ಒಳಗೆ ಹೋದಳು.