ಪಾರಿವಾಳದ ಧೂಳು

ಮುಜಫರ್ ಮೊದಲನೆಯ ಪಾರಿವಾಳದ ಕುತ್ತಿಗೆ ತಿರುವಿದಾಗ ಅವನ ಅಪ್ಪ ಬಾಬಾಸಾಬ ಕೆಳಗೆ ಕಟ್ಟೆಯ ಮೇಲೆ ಕೂತು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದ. ಮಾಳಿಗೆಯ ಮೇಲೆ ರೆಕ್ಕೆ ಬಡಿದ ಸದ್ದು ಕೇಳಿಸಿತು. ಬೆಕ್ಕು ಬಂದಿರಬೇಕು ಅಂದುಕೊಂಡ. ಎರಡನೆಯದು, ಮೂರನೆಯದು ಆಗುವಷ್ಟರಲ್ಲಿ ಇದು ಬೆಕ್ಕಿನ ಕೆಲಸವಲ್ಲ ಅಂತ ತಿಳಿಯಿತು. ಬೆಕ್ಕು ಒಂದನ್ನು ಕಚ್ಚಿಕೊಂಡು ಓಡಿಹೋಗುತ್ತದೆ. ನಿಂತು ಸಾಲಾಗಿ ಕೊಲ್ಲುವುದು ಮನುಷ್ಯನಿಗೆ ಮಾತ್ರ ಬರುತ್ತದೆ.

ಬಸಿ ಅಲ್ಲೇ ಬಿಟ್ಟು ಎದ್ದ. ದಿನಾ ಏಣಿ ಕಂಡರೆ ಗೊಣಗುತ್ತಿದ್ದ ಮೊಣಕಾಲುಗಳು ಅವತ್ತು ಗೊಣಗುವುದನ್ನೇ ಮರೆತವು.

ನವಲಗುಂದದ ಆ ಓಣಿಯಲ್ಲಿ ಬಾಬಾಸಾಬ ಅಂದರೆ ಪಾರಿವಾಳ, ಪಾರಿವಾಳ ಅಂದರೆ ಬಾಬಾಸಾಬ. ಲಾರಿಯ ಸ್ಟೇರಿಂಗ್ ಬಿಟ್ಟ ಮೇಲೆ ಅವನಿಗೆ ಉಳಿದದ್ದು ಅದೊಂದೇ ಶೋಕಿ. ಹೆಂಡತಿ ರಜಿಯಾಬೇಗಂ ತೀರಿಕೊಂಡ ಮೇಲಂತೂ ಅವನು ಮನೆಯವರ ಜೊತೆ ಆಡಿದ್ದಕ್ಕಿಂತ ಹಕ್ಕಿಗಳ ಜೊತೆ ಆಡಿದ ಮಾತೇ ಹೆಚ್ಚು. ಹೋಗುವ ಮೊದಲು ರಜಿಯಾಬೇಗಂ ಒಂದು ದೊಡ್ಡ ಕೆಲಸ ಮುಗಿಸಿದ್ದಳು. ಜಮಖಾನ ನೇಯುವ ವಿದ್ಯೆಯನ್ನು ಸೊಸೆ ರುಬಿಯಾಳ ಕೈಗೆ ದಾಟಿಸಿದ್ದಳು. ಮಗಳಿಗೆ ಕಲಿಸಿದರೆ ವಿದ್ಯೆ ಗಂಡನ ಊರಿಗೆ ಹೋಗುತ್ತದೆ, ಸೊಸೆಗೆ ಕಲಿಸಿದರೆ ಮನೆಯಲ್ಲೇ ಉಳಿಯುತ್ತದೆ ಅನ್ನುವುದು ಅವರ ಮನೆಗಳ ಹಳೆಯ ಲೆಕ್ಕ. ಶಲವಡಿಯಿಂದ ಮುಜಫರನ ಹೆಂಡತಿಯಾಗಿ ಬಂದ ರುಬಿಯಾ ಬೇಗ ಕಲಿತಳು. ನಡುಮನೆಯಲ್ಲಿ ಮಗ್ಗದ ಮುಂದೆ ಕೂತು ಕಬ್ಬಿಣದ ಪಂಜಾದಿಂದ ನೂಲು ಬಡಿದರೆ ಸದ್ದು ಇಡೀ ಮನೆಗೆ ಕೇಳುತ್ತಿತ್ತು.

ವಿದ್ಯೆ ಕೈಗೆ ಬಂದ ವರ್ಷವೇ ದಮ್ಮು ಎದೆಗೆ ಬಂತು. ಮೊದಲು ಸೀನು, ಆಮೇಲೆ ಕೆಮ್ಮು, ಆಮೇಲೆ ಉಸಿರಾಡಿದರೆ ಸಿಳ್ಳೆ. ತವರಿಗೆ ಹೋದರೆ ಹುಡುಗಿ ಅಗದಿ ಆರಾಮ, ಗಂಡನ ಮನೆಯ ಹೊಸ್ತಿಲು ದಾಟಿದರೆ ಮತ್ತೆ ಸಿಳ್ಳೆ. ಶಲವಡಿಯವರು ಸುಮ್ಮನಿದ್ದಾರೆಯೇ? ನಮ್ಮ ಹುಡುಗಿಗೆ ಅಲ್ಲಿ ಏನು ಹಾಕಿ ತಿನ್ನಿಸುತ್ತಾರೋ ಅಂದರು. ಕೊನೆಗೆ ಅಪ್ಪ, ಮಗ, ಸೊಸೆ ಮೂವರೂ ಹುಬ್ಬಳ್ಳಿಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿದರು. ಅವರು ಅವಳ ತೋಳಿನ ಮೇಲೆ ಸಾಲಾಗಿ ಹನಿ ಇಟ್ಟು, ಒಂದೊಂದಕ್ಕೂ ಸೂಜಿಮೊನೆ ತಾಗಿಸಿದರು. ಸ್ವಲ್ಪ ಹೊತ್ತಿಗೆ ಹಾಸಿಗೆ ಧೂಳಿನ ಹನಿ ಇದ್ದಲ್ಲಿ ಸಣ್ಣಗೆ ಕೆಂಪಾಯಿತು. ಪಾರಿವಾಳದ ಹನಿ ಇದ್ದಲ್ಲಿ ನೆನೆದ ಕಡಲೆಯಷ್ಟು ಬಾವು ಎದ್ದಿತು.

ಡಾಕ್ಟರು ಮೂರು ಮಾತು ಹೇಳಿದರು. ಹಕ್ಕಿಗಳು ಮನೆಯಲ್ಲಿರಬಾರದು. ಬಾಯಿಗಿಟ್ಟು ಔಷಧಿ ಎಳೆದುಕೊಳ್ಳುವ ಕಂದು ಬಣ್ಣದ ಪಂಪ್ ಆರಾಮಿದ್ದರೂ ದಿನಾ ತೆಗೆದುಕೊಳ್ಳಬೇಕು. ನೀಲಿ ಪಂಪ್ ದಮ್ಮು ಎದ್ದಾಗ ಮಾತ್ರ, ಆದರೆ ಸದಾ ಕೈಗೆ ಸಿಗುವಂತಿರಬೇಕು. ಪಂಪ್ ಇದೆಯಲ್ಲ, ಹಕ್ಕಿಗಳೂ ಇರಲಿ ಅಂತ ಬಾಬಾಸಾಬ ಕೇಳಿಸಿಕೊಂಡ. ಹಕ್ಕಿ ಹೋದರೆ ಪಂಪ್ ಬೇಡ ಅಂತ ಮುಜಫರ್ ಕೇಳಿಸಿಕೊಂಡ. ಪೂರ್ತಿ ಕೇಳಿಸಿಕೊಂಡವಳು ರುಬಿಯಾ ಒಬ್ಬಳೇ. ಅವಳನ್ನು ಯಾರೂ ಕೇಳಲಿಲ್ಲ.

ಮಗನ ಕಾಟಕ್ಕೆ ಬಾಬಾಸಾಬ ಒಮ್ಮೆ ಹಕ್ಕಿಗಳನ್ನೆಲ್ಲ ಬುಟ್ಟಿಗೆ ತುಂಬಿ ಅಣ್ಣಿಗೇರಿಯ ಗೆಳೆಯ ರಮಜಾನನಿಗೆ ಕೊಟ್ಟೂ ಬಂದಿದ್ದ. ಗೆಳೆಯ ಗೂಡಿನ ಬಾಗಿಲು ತೆಗೆದದ್ದೇ ತಡ, ಬಾಬಾಸಾಬನ ಬಸ್ಸು ನವಲಗುಂದ ಮುಟ್ಟುವ ಮೊದಲೇ ಅವು ಮಾಳಿಗೆ ಮುಟ್ಟಿದ್ದವು. 'ತಾವಾಗೇ ಬಂದಾವಪಾ, ನಾ ಏನ್ ಮಾಡ್ಲಿ?' ಅಂದಿದ್ದ ಬಾಬಾಸಾಬ. ಆ ಮಾತಿನ ಹಿಂದೆ ಒಂದು ನಗು ಇತ್ತು, ಎಷ್ಟು ಅದುಮಿದರೂ ಮೀಸೆಯ ಕೆಳಗೆ ಇಣುಕಿತ್ತು. ಆ ನಗು ಮುಜಫರನ ಹೊಟ್ಟೆಯಲ್ಲಿ ಕೆಂಡವಾಗಿ ಕೂತಿತ್ತು.

ಬಾಬಾಸಾಬ ಮಾಳಿಗೆ ಹತ್ತಿದಾಗ ಮಗನ ಕಾಲ ಸುತ್ತ ಹಕ್ಕಿಗಳು ಬಿದ್ದಿದ್ದವು. ಕೆಲವು ಇನ್ನೂ ಒದ್ದಾಡುತ್ತಿದ್ದವು. ಮುಜಫರ್ ಟ್ರ್ಯಾಕ್ಟರ್ ರಿಪೇರಿ ಮಾಡುವವನು, ನಟ್ಟು ತಿರುವಿ ಪಳಗಿದ ಕೈ. ಗೂಡಿನ ಬಾಗಿಲಲ್ಲಿ ಕೈ ಹಾಕುತ್ತಿದ್ದ, ಎಳೆಯುತ್ತಿದ್ದ, ತಿರುವುತ್ತಿದ್ದ, ಒಗೆಯುತ್ತಿದ್ದ. ಒಳಗಿದ್ದವು ಹುಚ್ಚೆದ್ದು ರೆಕ್ಕೆ ಬಡಿಯುತ್ತಿದ್ದವು. ವರ್ಷಗಟ್ಟಲೆ ಕೂತಿದ್ದ ಹಿಕ್ಕೆಯ ಪುಡಿ, ಗರಿಯ ಪುಡಿ ಎದ್ದು ಮಾಳಿಗೆಯೆಲ್ಲ ಬೆಳ್ಳಗಾಗಿತ್ತು.

ಮನೆಯೊಳಗೆ ಅವರದು ಉರ್ದು, ಓಣಿಯಲ್ಲಿ ಕನ್ನಡ. ಆದರೆ ಜಗಳಕ್ಕೆ ಅಪ್ಪ ಮಗ ಇಬ್ಬರಿಗೂ ನವಲಗುಂದದ ಕನ್ನಡವೇ ಬೇಕು.

"ಏನ್ ಮಾಡಾಕತ್ತೀಲೇ?"

"ಕಾಣವಲ್ದೇನು? ನೀ ಮಾಡಬೇಕಾಗಿದ್ದ ಕೆಲಸ ನಾ ಮಾಡಾಕತ್ತೀನಿ." ಹುಟ್ಟಿದಾಗಿನಿಂದ ನೀವು ಅನ್ನುತ್ತಿದ್ದ ಮಗ ನೀ ಅಂದಿದ್ದ.

"ಮುಟ್ಟಬ್ಯಾಡ. ಕೈ ಮುರೀತೀನಿ."

"ಮುರಿ. ರಾತ್ರೆಲ್ಲಾ ಆಕಿ ಕುಂತು ಉಸಿರಿಗೆ ಬಡದಾಡಿದ್ಲು. ನೀ ಎದ್ದು ಮೊದಲ ಇವಕ್ಕ ಜ್ವಾಳ ಹಾಕಿದಿ. ಆಕಿಗೆ ನೀರು ಕೊಟ್ಟೀಯೇನು?"

ಹಕ್ಕಿ ಎಬ್ಬಿಸುವ ಬಿದಿರುಗಳು ಗೋಡೆಗೆ ಒರಗಿದ್ದವು. ಬಾಬಾಸಾಬ ಒಂದನ್ನು ಎತ್ತಿದವನೇ ಬೀಸಿದ. ಮೊದಲ ಏಟು ಬೆನ್ನಿಗೆ ಬಿತ್ತು, ಮುಜಫರ್ ತಿರುಗಲೂ ಇಲ್ಲ, ಇನ್ನೊಂದು ಕುತ್ತಿಗೆ ತಿರುವಿದ. ಎರಡನೆಯದು ಬಲಗೈಯ ಮಣಿಕಟ್ಟಿಗೆ ಬಿತ್ತು. ಎಲುಬು ಮುರಿದ ಸದ್ದು ಇಬ್ಬರಿಗೂ ಕೇಳಿಸಿತು. ಕೈಯಲ್ಲಿದ್ದ ಹಕ್ಕಿ ಜಾರಿ ಹಾರಿಹೋಯಿತು. ಅದು ಹಾರಿದ್ದನ್ನು ಕಂಡು ಬಾಬಾಸಾಬನಿಗೆ ಖುಷಿಯಾಯಿತು, ಮಗನ ಕೈ ಜೋಲು ಬಿದ್ದದ್ದು ಆಮೇಲೆ ಕಣ್ಣಿಗೆ ಬಿತ್ತು. ಇಂಥ ಹೊತ್ತಿನಲ್ಲಿ ಮನುಷ್ಯನ ಮನಸ್ಸು ಎಷ್ಟು ಕೆಟ್ಟದ್ದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಮುಜಫರ್ ಎಡಗೈಯಿಂದ ಬಿದಿರು ಹಿಡಿದು ಜಗ್ಗಿ ಅಪ್ಪನನ್ನು ಗೋಡೆಗೆ ಅಪ್ಪಳಿಸಿದ. ಹಣೆ ಒಡೆದು ರಕ್ತ ಕಣ್ಣಿಗೆ ಇಳಿಯಿತು. ಬಾಬಾಸಾಬ ಮಗನ ಕೂದಲು ಹಿಡಿದ, ಮಗ ಅಪ್ಪನ ಗಂಟಲು ಹಿಡಿದ. ಇಬ್ಬರೂ ಬಿದ್ದು ಸತ್ತ ಹಕ್ಕಿಗಳ ಮೇಲೆ, ಅರೆಜೀವದ ಹಕ್ಕಿಗಳ ಮೇಲೆ ಹೊರಳಾಡಿದರು. ಗೂಡಿಗೆ ಕಾಲು ತಾಗಿ ಒಂದು ಹಲಗೆ ಕಿತ್ತು ಬಂತು, ಧೂಳು ಸುರಿಯಿತು. ಮಾಳಿಗೆಯ ನಡುವೆ ಬೆಳಕಿಂಡಿ ಇತ್ತು. ಅದರ ನೇರ ಕೆಳಗೆ ಮಗ್ಗ. ಎದ್ದ ಧೂಳೆಲ್ಲ ಬೆಳಕಿನ ಜೊತೆ ಕೆಳಗಿಳಿಯುತ್ತಿತ್ತು. ಇಬ್ಬರಲ್ಲಿ ಒಬ್ಬನೂ ಅತ್ತ ನೋಡಲಿಲ್ಲ.

"ಯಾರ ಸಲುವಾಗಿ ಬಡದಾಡಾಕತ್ತೀನಿ ಗೊತ್ತೈತೇನ್ ನಿನಗ?" ಅಂತ ಮುಜಫರ್ ಅಪ್ಪನ ತಲೆಯನ್ನು ಮಾಳಿಗೆಯ ಮಣ್ಣಿಗೆ ಒತ್ತಿ ಹಿಡಿದ.

ಬಾಬಾಸಾಬನ ಕಿವಿ ನೆಲಕ್ಕೆ ಅಂಟಿತು. ನಲವತ್ತು ವರ್ಷದಿಂದ ಆ ಮಣ್ಣಿನ ಮೇಲೆ ಮಲಗಿದಾಗೆಲ್ಲ ಅವನ ಕಿವಿಗೆ ಕೆಳಗಿನ ಪಂಜಾದ ಬಡಿತ ಬರುತ್ತಿತ್ತು, ಮೊದಲು ರಜಿಯಾಳದು, ಈಗ ರುಬಿಯಾಳದು. ಇವತ್ತು ಏನೂ ಬರಲಿಲ್ಲ.

"ಮಗ್ಗ ನಿಂತೈತಿ," ಅಂದ.

"ಏನಂದಿ?"

"ಮಗ್ಗ ನಿಂತೈತಿ ಮುಜ್ಜೂ. ಬಿಡು."

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಅಪ್ಪ ಮಗನ ಜಗಳದಲ್ಲಿ ಸೊಸೆಯ ಉಸಿರು ಹೋಗುತ್ತಿತ್ತು. ಇಬ್ಬರೂ ಏಣಿ ಇಳಿದು ಬಂದಾಗ ರುಬಿಯಾ ಮಗ್ಗ ಬಿಟ್ಟು ಬಾಗಿಲವರೆಗೆ ತೆವಳಿದ್ದಳು. ಎರಡೂ ಅಂಗೈ ನೆಲಕ್ಕೆ ಊರಿ ಮುಂದೆ ಬಾಗಿ ಕೂತಿದ್ದಳು. ಗಂಟಲ ಕುಳಿ ಒಳಕ್ಕೆ ಜಗ್ಗುತ್ತಿತ್ತು, ಭುಜಗಳು ಏಳುತ್ತಿದ್ದವು, ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ತಲೆಯ ಮೇಲೆಲ್ಲ ಬಿಳಿ ಪುಡಿ. ದಿನಾ ಕೇಳುವ ಸಿಳ್ಳೆ ಇವತ್ತು ಇರಲಿಲ್ಲ. ಸಿಳ್ಳೆ ಇಲ್ಲವಲ್ಲ, ಕಡಿಮೆಯಾಗಿರಬೇಕು ಅಂತ ಮುಜಫರ್ ಒಂದು ಗಳಿಗೆ ಅಂದುಕೊಂಡ. ಸಿಳ್ಳೆ ಹಾಕುವಷ್ಟು ಗಾಳಿಯೂ ಒಳಗೆ ಹೋಗುತ್ತಿಲ್ಲ ಅಂತ ಅವನಿಗೆ ಯಾರು ಹೇಳಬೇಕು?

ಬಾಬಾಸಾಬ ಅವಳನ್ನು ಮಲಗಿಸಲು ಹೋದ. ಮಲಗಿದರೆ ಸಾಯುತ್ತೇನೆ ಅಂತ ಅವಳಿಗೆ ಗೊತ್ತಿತ್ತು, ಹೇಳಲು ಉಸಿರಿರಲಿಲ್ಲ. ಉಗುರಿನಿಂದ ಮಾವನ ಮುಖ ಪರಚಿ ಮತ್ತೆ ಎದ್ದು ಕೂತಳು.

"ಪಂಪ್ ಎಲ್ಲೈತಿ? ನೀಲೀದು, ನೀಲೀದು ತಾ."

ಮುಜಫರ್ ಅಲುಗಲಿಲ್ಲ.

"ಲೇ, ಪಂಪ್ ತಾ ಅಂದ್ನಿ."

"ಮುಂಜಾನೆ ಗಟಾರಕ್ಕ ಒಗದೆ. ಎರಡೂ." ಅವನ ದನಿ ಸಣ್ಣ ಹುಡುಗನದಾಗಿತ್ತು. "ಪಾರಿವಾಳ ಹ್ವಾದ ಮ್ಯಾಲೆ ಅದ್ಯಾಕ ಬೇಕು? ಅದು ಚಟಾ ಹಿಡೀತೈತಿ ಅಂತ ಎಲ್ಲಾರೂ ಅಂದ್ರು."

ಬಾಬಾಸಾಬನಿಗೆ ಮಗನನ್ನು ಅಲ್ಲೇ ಕೊಲ್ಲಬೇಕು ಅನ್ನಿಸಿತು. ಹಕ್ಕಿಗಳಿಗಾಗಿ ಬಂದ ಸಿಟ್ಟು ಅದರ ಮುಂದೆ ಏನೂ ಅಲ್ಲ. ಆದರೆ ಮುಜಫರ್ ಆಗಲೇ ಹೊರಗೆ ಓಡಿದ್ದ. ಮುರಿದ ಕೈ ಜೋಲಾಡಿಸಿಕೊಂಡು ಗಟಾರಕ್ಕೆ ಹಾರಿ ಒಂದೇ ಕೈಯಿಂದ ಕೆಸರು ಬಾಚಿದ. ನೀಲಿ ಪಂಪ್ ಸಿಕ್ಕಿತು. ಬಾಯಿಗಿಡುವ ಕಡೆಯೆಲ್ಲ ಕರೀ ಕೆಸರು ತುಂಬಿ ಹೋಗಿತ್ತು. ಕೊಡವಿದ, ಅಂಗಿಗೆ ಒರೆಸಿದ, ಒತ್ತಿದ. ಕೆಸರೇ ಬಂತು. ಅದನ್ನು ಕೈಯಲ್ಲಿ ಹಿಡಿದು ಓಣಿಯ ನಡುವೆ ನಿಂತು ಅರಚಿದ.

ಅರಚಿದ್ದಕ್ಕೆ ಎದುರು ಮನೆಯ ಹನಮಪ್ಪ ಆಟೋ ತಂದ. ರುಬಿಯಾಳನ್ನು ನಡುವೆ ಕೂರಿಸಿ ಅಪ್ಪ ಮಗ ಎರಡೂ ಬಾಜು ಹಿಡಿದುಕೊಂಡರು. ಬಾಬಾಸಾಬನ ಹಣೆಯ ರಕ್ತ ಅವಳ ಸೆರಗಿನ ಮೇಲೆ ಹನಿಯುತ್ತಿತ್ತು. "ಉಸಿರು ತಗೋ ಬೇಟಿ," ಅನ್ನುತ್ತಿದ್ದ. ಕಲ್ಲಿಗೆ ಹೇಳಿದರೂ ಅದಕ್ಕಿಂತ ಅರ್ಥ ಇರುತ್ತಿತ್ತು. ಆಸ್ಪತ್ರೆಯ ಗೇಟಿನಲ್ಲಿ ಅವಳ ಕತ್ತು ಮುಜಫರನ ಭುಜದ ಮೇಲೆ ಬಿತ್ತು.

ಡಾಕ್ಟರ್ ಅರುಣಾ ಇಬ್ಬರನ್ನೂ ಹೊರಗೆ ತಳ್ಳಿ ಬಾಗಿಲು ಹಾಕಿದರು. ಒಳಗೆ ಆಕ್ಸಿಜನ್, ಔಷಧಿಯ ಹೊಗೆ ಬಿಡುವ ಮಶೀನು, ಸೂಜಿ ಮೇಲೆ ಸೂಜಿ. ಬಹಳ ಹೊತ್ತಿನ ಮೇಲೆ ಒಳಗಿನಿಂದ ಸಿಳ್ಳೆ ಕೇಳಿಸಿತು. ಅಷ್ಟು ದಿನ ಯಾವ ಸದ್ದಿಗೆ ಮನೆಯೆಲ್ಲ ಹೆದರುತ್ತಿತ್ತೋ ಅದನ್ನು ಕೇಳಿ ಮುಜಫರ್ ಗೋಡೆಗೆ ಹಣೆ ಹಚ್ಚಿ ಅತ್ತ.

ಕರೆದಾಗ ಇಬ್ಬರೂ ಒಳಗೆ ಹೋದರು. ಒಬ್ಬನ ಹಣೆ ಒಡೆದಿದೆ, ಒಬ್ಬನ ಕೈ ಮುರಿದಿದೆ, ಮೈಗೆಲ್ಲ ಗರಿ.

"ನೀವಿಬ್ರೂ ಯಾರ್ ಕೂಡ ಬಡದಾಡಿ ಬಂದೀರಿ?" ಅಂದರು ಡಾಕ್ಟರು.

"ಇಕಿ ಸಲುವಾಗೇ ರೀ," ಅಂದ ಮುಜಫರ್.

ರುಬಿಯಾ ಮುಖದ ಮೇಲಿನ ಮಾಸ್ಕ್ ಸರಿಸಿದಳು. ಹತ್ತಿರ ಬಾ ಅಂತ ಗಂಡನಿಗೆ ಬೆರಳಿನಲ್ಲಿ ಸನ್ನೆ ಮಾಡಿದಳು. ಅವನು ಬಾಗಿದ. ಕೆನ್ನೆಗೆ ಹೊಡೆದಳು. ನೊಣ ಓಡಿಸುವಷ್ಟೂ ಬಲ ಆ ಕೈಯಲ್ಲಿರಲಿಲ್ಲ, ಆದರೂ ಮುಜಫರ್ ಹೆಜ್ಜೆ ತಪ್ಪಿ ಹಿಂದೆ ಸರಿದ.

"ಹುಬ್ಬಳ್ಳ್ಯಾಗ ನಾನೂ ಕುಂತಿದ್ದೆ," ಅಂದಳು. ಪ್ರತಿ ಮಾತಿಗೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. "ಡಾಕ್ಟರು ನನಗ ಹೇಳಿದ್ದು. ಒಬ್ರರೆ ನನ್ನ ಕೇಳಿದ್ರೇನು?" ಆಮೇಲೆ ಮಾವನ ಕಡೆ ತಿರುಗಿದಳು. "ಅಬ್ಬಾಜಾನ್, ನಿಮಗೂ ಹೊಡೀಬೇಕು. ಆಗವಲ್ದು."

ಬಾಬಾಸಾಬ ತಲೆ ತಗ್ಗಿಸಿದ. ಹೊಡೆದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಡಾಕ್ಟರ್ ಅರುಣಾ ಮುಜಫರನ ಕಡೆ ನೋಡಿ ಹೇಳಿದರು, "ಇಕಿ ಉಸಿರಿನ ಕೊಳವಿ ಒಳಗ ಬಾವು ಇರ್ತೈತಿ, ಆರಾಮಿದ್ದಾಗೂ ಇರ್ತೈತಿ. ದಿನಾ ತಗೊಳ್ಳೂ ಪಂಪ್ ಆ ಬಾವು ಇಳಸ್ತೈತಿ. ನೀಲೀದು ಮುಚ್ಚಿದ ಬಾಗಿಲಾ ಆ ಹೊತ್ತಿಗಷ್ಟ ತೆರೀತೈತಿ. ಚಟಾ ಅಲ್ಲದು. ಹಕ್ಕಿ ಹ್ವಾದ್ರೂ ಅದರ ಧೂಳು ತಿಂಗಳುಗಟ್ಟಲೆ ಮನ್ಯಾಗ ಇರ್ತೈತಿ. ಒಣಾ ಕಸಬರಿಗಿ ಹಿಡೀಬ್ಯಾಡ್ರಿ. ಹಸೀ ಬಟ್ಟಿಲೇ ಒರಸ್ರಿ. ಇಕಿ ಇಲ್ಲದಾಗ."

"ಮನಿಗೆ ಬರ್ತೀನಿ," ಅಂದಳು ರುಬಿಯಾ. "ಗೂಡು ಇರಬಾರದು. ಪಂಪ್ ಇರಬೇಕು. ಒಂದಲ್ಲ, ಎರಡೂ."

ಅವಳನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಮರುದಿನ ಮುಂಜಾನೆ ಬಾಬಾಸಾಬ ಹಣೆಗೆ ಪಟ್ಟಿ ಕಟ್ಟಿಕೊಂಡು ಮಾಳಿಗೆ ಹತ್ತಿದ. ಗೂಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಕ್ಕಿಗಳು ಉಳಿದಿದ್ದವು. ಮಗನ ಕೈ ಮುರಿದು ಅವನೇ ಉಳಿಸಿಕೊಂಡ ಹಕ್ಕಿಗಳು ಅವು. ಯಾರಿಗೆ ಕೊಟ್ಟರೂ, ಎಷ್ಟು ದೂರ ಒಯ್ದು ಬಿಟ್ಟರೂ, ಅವು ಈ ಮಾಳಿಗೆಗೇ ಬರುತ್ತವೆ. ಅದನ್ನು ಕಲಿಸಿದವನು ಅವನೇ.

ಮೊದಲು ಬೆಳಕಿಂಡಿಗೆ ಹಸೀ ಗೋಣಿಚೀಲ ಮುಚ್ಚಿದ. ಕೊಡಗಟ್ಟಲೆ ನೀರು ಹೊತ್ತು ತಂದು ಗೂಡಿನ ಹಲಗೆ, ನೆಲ, ಸತ್ತು ಬಿದ್ದಿದ್ದ ಹಕ್ಕಿಗಳು, ಎಲ್ಲದರ ಮೇಲೆ ಚಿಮುಕಿಸಿದ. ಒಂದು ಚಿಟಿಕೆ ಧೂಳೂ ಏಳಲಿಲ್ಲ. ಮೂಗಿಗೆ ಬಟ್ಟೆ ಬಿಗಿದು ಚೂರಿ ತೆಗೆದ. ಕೈ ಹಾಕಿದರೆ ಹಕ್ಕಿಗಳು ಹೆದರಲಿಲ್ಲ, ಕಾಳು ಬಂತು ಅಂತ ಹತ್ತಿರ ಬಂದವು. ಅದೊಂದನ್ನು ಅವನಿಂದ ತಡೆಯಲಾಗಲಿಲ್ಲ. ಚೂರಿ ಹಿಡಿದು ಸುಮ್ಮನೆ ನಿಂತುಬಿಟ್ಟ.

ಏಣಿಯ ಸದ್ದಾಯಿತು. ಪ್ಲಾಸ್ಟರ್ ಹಾಕಿದ ಕೈ ಎದೆಗೆ ಕಟ್ಟಿಕೊಂಡು ಮುಜಫರ್ ಬಂದ. ಎಡಗೈ ಗೂಡಿಗೆ ಹಾಕಿ ಒಂದನ್ನು ಮೆಲ್ಲಗೆ ಹಿಡಿದು, ರೆಕ್ಕೆ ಮುಚ್ಚಿ ಅಪ್ಪನ ಮುಂದೆ ಚಾಚಿದ.

"ಪಂಪ್ ತಂದ್ಯಾ?" ಬಾಬಾಸಾಬ ಕೇಳಿದ.

"ಎರಡೂ ತಂದೀನ್ರಿ. ಒಂದು ನೀಲೀದು ಹೆಚ್ಚಿಗೆ ತಂದೀನಿ, ಮಗ್ಗದ ಹಂತ್ಯಾಕ ಇಡಾಕ."

"ಕಂದು ಬಣ್ಣದ್ದು ದಿನಾ ಎಷ್ಟ ಸರ್ತಿ?"

"ಮುಂಜಾನೆ ಒಮ್ಮೆ, ಸಂಜಿಗೊಮ್ಮೆ. ತಗೊಂಡ ಮ್ಯಾಲೆ ಬಾಯಿ ಮುಕ್ಕಳಸ್ಬೇಕು."

ಬಾಬಾಸಾಬ ಬಿಸ್ಮಿಲ್ಲಾ ಅಂದು ಚೂರಿ ಎಳೆದ. ಬಿಸಿ ರಕ್ತ ಇಬ್ಬರ ಬೆರಳಿಗೂ ಹತ್ತಿತು. ಹಕ್ಕಿಯ ಒದ್ದಾಟ ನಿಂತ ಮೇಲೆ ಅದನ್ನು ಹಸೀ ಚೀಲದ ಮೇಲೆ ಮಲಗಿಸಿದ. ಅವನಿಗೆ ಅಳು ಬಂತು, ಮಗನ ಮುಂದೆ ಅತ್ತ, ನಾಚಲಿಲ್ಲ. ಅಳುತ್ತಲೇ ಕೈ ಮುಂದೆ ಮಾಡಿದ.

"ಇನ್ನೊಂದು ಕೊಡು," ಅಂದ.