ಸುಳ್ಳು ಆಂಟೆನಾ

"ಎಳೀಬೇಡಿ ಅಂದ್ನಲ್ಲ! ಸಡಿಲ ಬಿಡಿ, ಸಡಿಲ!" ಮೇಷ್ಟ್ರು ಕೆಳಗಿನಿಂದ ಕೂಗಿದರು. ತಾರಸಿಯ ನೀರಿನ ಟ್ಯಾಂಕಿನ ಪಕ್ಕದ ಕಬ್ಬಿಣದ ಕೊಳವೆಗೆ ತಾಮ್ರದ ತಂತಿ ಕಟ್ಟುತ್ತಿದ್ದ ಹರಾಜಪ್ಪ ಅಷ್ಟರಲ್ಲಿ ಅದನ್ನು ಬಿಗಿದು ಗಂಟು ಹಾಕಿಯಾಗಿತ್ತು.

"ಸಡಿಲ ಬಿಟ್ರೆ ಜೋತು ಬೀಳುತ್ತಲ್ಲ ಮೇಷ್ಟ್ರೇ!"

"ಬೀಳ್ಲಿ. ಗಾಳಿ ಬಂದಾಗ ಮೊದ್ಲು ಹರಿಯೋದು ಬಿಗಿದಿದ್ದೇ. ಬಿಚ್ಚಿ ಮತ್ತೆ ಕಟ್ಟಿ."

ಹರಾಜಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಮೂವತ್ತೊಂದು ವರ್ಷ ತರಕಾರಿ ಮಂಡಿಯಲ್ಲಿ ಹರಾಜು ಕೂಗಿದ್ದಕ್ಕೆ ಅಂಟಿಕೊಂಡದ್ದು; ಕೋಪ ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಬೆಳಗಿನ ಐದು ಗಂಟೆಗೆ ಅವನು ಬಾಯಿ ತೆರೆದರೆ ಇನ್ನೂರು ಜನ ವ್ಯಾಪಾರಿಗಳು ತಮ್ಮ ತಮ್ಮ ಜಗಳ ನಿಲ್ಲಿಸಿ ಅವನ ಕಡೆ ತಿರುಗುತ್ತಿದ್ದರು. ಮಧ್ಯಾಹ್ನಕ್ಕೆ ಕೊಳೆಯಲಿರುವ ಟೊಮೇಟೊವನ್ನೂ ಅವನ ದನಿ ಆಗಷ್ಟೇ ಕಿತ್ತು ತಂದದ್ದೆಂದು ನಂಬಿಸಿ ಕಳಿಸುತ್ತಿತ್ತು.

ಈಗ ಆ ದನಿ ಗರಗಸದ ಹಾಗಾಗಿತ್ತು. ಗಂಟಲಿನ ಗಡ್ಡೆ ಧ್ವನಿಪೆಟ್ಟಿಗೆಯನ್ನು ಹಿಡಿದಿದೆ, ಪೂರ್ತಿ ತೆಗೆಯದೆ ಬೇರೆ ದಾರಿಯಿಲ್ಲ ಎಂದು ಡಾಕ್ಟರು ಹೇಳಿದ್ದರು. ಸೋಮವಾರ ಆಸ್ಪತ್ರೆ ಸೇರಬೇಕು, ಮಂಗಳವಾರ ಶಸ್ತ್ರಚಿಕಿತ್ಸೆ. ಎರಡು ವರ್ಷ ಓದಿ, ಒಮ್ಮೆ ಫೇಲಾಗಿ, ಮತ್ತೆ ಬರೆದು ಪಾಸಾದ ಮನೆಯಲ್ಲೇ ಕೂತು ದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೊ ಪರೀಕ್ಷೆಯ ಲೈಸೆನ್ಸ್ ಮನೆಗೆ ಬಂದದ್ದೂ ಅದೇ ವಾರ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನುವುದನ್ನು ಅವನು ಅಂಚೆಯವನ ಮುಂದೆಯೇ ಹೇಳಿ ನಕ್ಕಿದ್ದ. ಅಂಚೆಯವನಿಗೆ ಏನೂ ಅರ್ಥವಾಗದೆ ಸಹಿ ಹಾಕಿಸಿಕೊಂಡು ಹೋದ.

"ಮೂವತ್ತು ವರ್ಷ ಕೊಳ್ಳೋಕೆ ಬಂದೋರೇ ನನ್ನ ದನಿ ಕೇಳಿದ್ದು," ಎಂದು ಹೆಂಡತಿಗೆ ಹೇಳಿದ್ದ. "ಏನೂ ಕೊಳ್ಳೋಕೆ ಬರದೇ ಇರೋ ಒಬ್ಬ ಕೇಳಬೇಕು ಕಣೆ. ಎಲ್ಲೋ ದೂರದಲ್ಲಿ ಕೂತವನು. ಒಂದೇ ಒಂದು ಸಲ. ಆಮೇಲೆ ಬೇಕಾದ್ರೆ ಕಿತ್ಕೊಳ್ಳಲಿ."

ಅವಳು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುವುದಾದರೆ ಆ ಮನೆಯ ಬಂಗಾರವೆಲ್ಲ ಅವಳದ್ದು. ಅವತ್ತು ಮಲಗುವ ಕೋಣೆಯ ಪಕ್ಕದ ಸಣ್ಣ ಕೋಣೆಯಿಂದ ತನ್ನ ಹೊಲಿಗೆ ಮಷೀನನ್ನು ಹೊರಗೆ ತಳ್ಳಿ ಮೇಜು ಖಾಲಿ ಮಾಡಿಕೊಟ್ಟಳು.

ಮೇಷ್ಟ್ರು ಹಡಗುಗಳಲ್ಲಿ ವೈರ್‌ಲೆಸ್ ಆಪರೇಟರಾಗಿ ಸಮುದ್ರಗಳನ್ನೆಲ್ಲ ಸುತ್ತಿ, ಈಗ ಪಕ್ಕದ ಬೀದಿಯಲ್ಲಿ ನೆಲೆಸಿದ್ದವರು. ಅವರಿಗೆ ಯಾವುದಕ್ಕೂ ಅವಸರವಿಲ್ಲ, ಎಲ್ಲದಕ್ಕೂ ಒಂದು ಕ್ರಮವಿದೆ. ಶನಿವಾರವಿಡೀ ಅವನನ್ನು ಆ ಕ್ರಮದಲ್ಲಿ ಓಡಾಡಿಸಿದರು. ಕರೆಂಟಿನ ತಂತಿಯಿಂದ ದೂರ, ಬಿದ್ದರೂ ಅದರ ಮೇಲೆ ಬೀಳದಷ್ಟು ದೂರ. ಒಂದೊಂದು ಕಡೆಗೆ ಹತ್ತು ಮೀಟರ್ ತಂತಿ. ಅಳೆದು ಅರ್ಧ ಅಡಿ ಹೆಚ್ಚೇ ಕತ್ತರಿಸಬೇಕು, ಉದ್ದವಾದದ್ದನ್ನು ಮೊಟಕು ಮಾಡಬಹುದು, ಮೊಟಕಾದದ್ದನ್ನು ಏನು ಮಾಡುತ್ತೀರಿ? ಕಿಟಕಿಯ ಕೆಳಗೆ ನೆಲಕ್ಕೆ ಆಳುದ್ದದ ಸರಳು ಹೊಡೆದು ಅರ್ತಿಂಗ್ ಕೊಡಬೇಕು. ಹರಾಜಪ್ಪ ಸುತ್ತಿಗೆ ಬೀಸುತ್ತ, "ಇದನ್ನ ಆಮೇಲೆ ಮಾಡಿದ್ರೆ ಆಗಲ್ವಾ?" ಎಂದು ನಾಲ್ಕು ಸಲ ಕೇಳಿದ. "ಸಿಡಿಲು ಆಮೇಲೆ ಬರ್ತೀನಿ ಅಂತ ನಿಮಗೆ ಹೇಳಿದೆಯಾ?" ಎಂದರು ಮೇಷ್ಟ್ರು.

ಕತ್ತಲಾಗುವ ಮುಂಚೆ ರೇಡಿಯೊ ಸೆಟ್ಟನ್ನು ಪರೀಕ್ಷಿಸಿದರು. ಸೆಟ್ಟಿನ ಸ್ವಿಚ್ಚಿನ ಒಂದು ಕಡೆಗೆ ಆಂಟೆನಾ ತಂತಿ ಬಂದಿತ್ತು, ಆದರೆ ಅದರ ಕಡೆ ತಿರುಗಿಸಲಿಲ್ಲ. ಇನ್ನೊಂದು ಕಡೆಗೆ ಎಣ್ಣೆ ತುಂಬಿದ ಒಂದು ತಗಡಿನ ಡಬ್ಬಿಯನ್ನು ಜೋಡಿಸಿ ಸ್ವಿಚ್ಚನ್ನು ಅದಕ್ಕೆ ತಿರುಗಿಸಿದರು. ಸೆಟ್ಟಿನಿಂದ ಹೊರಟ ಶಕ್ತಿಯನ್ನೆಲ್ಲ ಆ ಡಬ್ಬಿ ನುಂಗಿ ಶಾಖ ಮಾಡಿಬಿಡುತ್ತದೆ, ಒಂದು ಮಾತೂ ಗಾಳಿಗೆ ಹೋಗುವುದಿಲ್ಲ. ಕಲಿಯುವವರು ಬೇರೆಯವರಿಗೆ ತೊಂದರೆ ಕೊಡದೆ ಪ್ರಯೋಗ ಮಾಡಲು ಇರುವ ಸುಳ್ಳು ಆಂಟೆನಾ ಅದು.

"ನಾಳೆ ಸಂಜೆ ಐದಕ್ಕೆ ಬರ್ತೀನಿ," ಎಂದು ಮೇಷ್ಟ್ರು ಚಪ್ಪಲಿ ಮೆಟ್ಟಿದರು. "ಅಲ್ಲೀವರೆಗೆ ಬರೀ ಕೇಳಿ. ನಾನು ಹೊಸಬರಿಗೆ ಒಂದು ವಾರ ಕೇಳೋಕೆ ಹೇಳೋದು. ನಿಮಗೆ ಒಂದು ದಿನ. ಮೊದ್ಲು ಕೇಳಬೇಕು, ಆಮೇಲೆ ಹೇಳಬೇಕು."

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹರಾಜಪ್ಪ ಕೋಣೆಗೆ ಹೋಗಿ ಬಂದ, ಬಂದು ಹೋದ. ಗಡಿಯಾರ ನೋಡಿದ. ಬಾಗಿಲಿಗೆ ಹೋಗಿ ಬೀದಿ ನೋಡಿದ. ಹೆಂಡತಿ, "ಕೂತ್ಕೊಳ್ರೀ, ನೋಡಿ ನನಗೇ ಕಾಲು ನೋಯ್ತಾ ಇದೆ," ಅಂದಳು. ಎರಡೂವರೆಗೆ ಅವನಿಗೆ ತಡೆಯಲಾಗಲಿಲ್ಲ. ಕೋಣೆಯ ಬಾಗಿಲು ಮುಂದೆ ಮಾಡಿ ಸೆಟ್ಟು ಹಾಕಿದ.

ಕೇಳಿದ, ಅರ್ಧ ನಿಮಿಷ. ಎಲ್ಲೂ ಸದ್ದಿಲ್ಲ. ಆ ಮೌನ ಅವನಿಗೆ ಚೆನ್ನಾಗಿ ಗೊತ್ತಿತ್ತು: ಹರಾಜು ಶುರುವಾಗುವ ಮುಂಚೆ ಮಂಡಿ ಹೀಗೇ ತುಟಿ ಮುಚ್ಚಿ ಕಾಯುತ್ತದೆ.  ಮೈಕಿನ ಗುಂಡಿ ಒತ್ತಿ, ಲೈಸೆನ್ಸಿನಲ್ಲಿ ಹೆಸರಿನ ಬದಲು ಕೊಟ್ಟಿದ್ದ ಕರೆಸಂಕೇತವನ್ನು ಒಂದೊಂದೇ ಅಕ್ಷರವಾಗಿ ಹೇಳಿದ. ಮೀಟರಿನ ಮುಳ್ಳು ಅವನ ಮಾತಿಗೆ ತಕ್ಕಂತೆ ಕುಣಿಯಿತು. ಇನ್ನೇನು ಬೇಕು? ಉತ್ತರ ಬರಲಿಲ್ಲ. ಕೊಳ್ಳುವವರು ಸುಮ್ಮನಿದ್ದರೆ ಇನ್ನಷ್ಟು ಮಾತಾಡಬೇಕೇ ಹೊರತು ನಿಲ್ಲಿಸಬಾರದು ಅನ್ನುವುದು ಅವನ ಕಸುಬು ಕಲಿಸಿದ ಪಾಠ. ಮಾತಾಡಿದ.

ಹೆಂಡತಿ ನಡುಮನೆಯಲ್ಲಿದ್ದಳು, ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಮೊದಮೊದಲು ಮಂಡಿಯ ಸುದ್ದಿ, ಟೊಮೇಟೊ, ಯಾರಿಗೋ ಟೋಪಿ ಹಾಕಿದ ಕಥೆ. ಆಮೇಲೆ ದನಿ ತಗ್ಗಿತು. "ನನಗೆ ಭಯ ಆಗ್ತಿದೆ," ಅಂದದ್ದು ಅವಳಿಗೆ ಕೇಳಿಸಿತು. "ಸಾಯೋದಕ್ಕಲ್ಲ. ಬದುಕಿ ಸುಮ್ಮನಿರೋದಕ್ಕೆ. ಮನೇಲಿ ನನ್ನವಳು ಮಾತಾಡೋದು ಕಡಿಮೆ. ನಾನೂ ಸುಮ್ಮನಾದ್ರೆ ಆ ಮನೇಲಿ ಯಾರಿರ್ತಾರೆ?"  ಕದ್ದು ಕೇಳಿದಂತಾಯಿತಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಐದಕ್ಕೆ ಮೇಷ್ಟ್ರು ಬಂದಾಗ ಹರಾಜಪ್ಪನ ಗಂಟಲು ಕಟ್ಟಿಹೋಗಿತ್ತು. "ತಡೀಲಿಕ್ಕಾಗಲಿಲ್ಲ ಮೇಷ್ಟ್ರೇ, ಬೈಬೇಡಿ," ಎಂದ. "ಒಂದು ಗಂಟೆ ಮೇಲೇ ಮಾತಾಡಿದೆ. ಯಾರೂ ಉತ್ತರ ಕೊಡಲಿಲ್ಲ, ಆದ್ರೆ ಎಲ್ಲರೂ ಕೇಳಿಸ್ಕೊಳ್ತಿದ್ರು. ಅಷ್ಟು ನಿಶ್ಶಬ್ದ!"

ಮೇಷ್ಟ್ರು ಸ್ಪೀಕರಿಗೆ ಕಿವಿಕೊಟ್ಟು ನಿಂತರು. ಆಮೇಲೆ ಮೇಜಿನ ಕೆಳಗೆ ಬಗ್ಗಿ ಡಬ್ಬಿಯನ್ನು ಮುಟ್ಟಿದರು. ಅದಿನ್ನೂ ಬಿಸಿಯಾಗಿತ್ತು.

"ರೇಡಿಯೊ ಯಾವತ್ತೂ ಇಷ್ಟು ಸುಮ್ಮನಿರಲ್ಲ," ಎಂದರು ಮೆಲ್ಲಗೆ. "ಸ್ವಿಚ್ಚು ಇನ್ನೂ ಡಬ್ಬಿ ಕಡೆಗೇ ಇದೆ. ನಿನ್ನೆ ನಾನೇ ಬಿಟ್ಟು ಹೋದೆ, ನನ್ನದೂ ತಪ್ಪು. ನೀವು ಆಡಿದ ಒಂದು ಮಾತೂ ಮನೆ ದಾಟಿಲ್ಲ."

ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದು ಬೇರೆ ದಿನವಾಗಿದ್ದರೆ ಅವನೇ ಗಾದೆ ಹೇಳಿ ನಗುತ್ತಿದ್ದ. ಈಗ ಕುರ್ಚಿಯಲ್ಲಿ ಕುಸಿದ. ಡಾಕ್ಟರು ಗಂಟಲಿಗೆ ವಿಶ್ರಾಂತಿ ಕೊಡಿ ಎಂದಿದ್ದರು. ಉಳಿದಿದ್ದ ಒಂದಿಷ್ಟು ದನಿಯನ್ನು ಎಣ್ಣೆ ಡಬ್ಬಿಗೆ ಸುರಿದಿದ್ದ. "ನನ್ನ ಹತ್ರ ಇದ್ದಿದ್ದೇ ಅಷ್ಟು ಮೇಷ್ಟ್ರೇ," ಅಂದಾಗ ಪಿಸುಮಾತಿಗಿಂತ ಸ್ವಲ್ಪ ಹೆಚ್ಚು ಸದ್ದು ಬಂತು. ಬಾಗಿಲಲ್ಲಿ ಬಂದು ನಿಂತ ಹೆಂಡತಿ ಒಂದು ಲೋಟ ಬೆಚ್ಚಗಿನ ನೀರು ತಂದುಕೊಟ್ಟು ಹೋದಳು.

ಮೇಷ್ಟ್ರು ಸ್ವಿಚ್ಚನ್ನು ಆಂಟೆನಾ ಕಡೆ ತಿರುಗಿಸಿದರು. ಕೋಣೆ ತುಂಬ ಸದ್ದು ನುಗ್ಗಿತು: ಸೀಟಿ, ಕರಕರ, ಯಾರೋ ನಗುವುದು, ಯಾರೋ ಹವಾಮಾನ ಓದುವುದು. "ಹತ್ತು ನಿಮಿಷ ಬಾಯಿ ತೆಗೀಬೇಡಿ," ಎಂದರು. ಹರಾಜಪ್ಪನ ಕಾಲು ಮೇಜಿನ ಕೆಳಗೆ ಕುಣಿಯುತ್ತಿತ್ತು. ಬೆರಳು ಮೈಕಿನ ಮೇಲೆ, ಕಣ್ಣು ಗಡಿಯಾರದ ಮೇಲೆ. ನಾಲ್ಕನೆಯ ನಿಮಿಷಕ್ಕೆ ಒಬ್ಬ ಮುದುಕ ತನ್ನ ಹಲ್ಲುನೋವಿನ ವಿಚಾರ ಹೇಳುತ್ತಿದ್ದುದು ಕಿವಿಗೆ ಬಿತ್ತು. ಆರನೆಯದಕ್ಕೆ ಅದಕ್ಕೊಬ್ಬ ಮನೆಮದ್ದು ಹೇಳಿದ. ಹರಾಜಪ್ಪ ಕಾಲು ಕುಣಿಸುವುದನ್ನು ಮರೆತು ಆ ಹಲ್ಲು ಏನಾಯಿತೆಂದು ಕೇಳುತ್ತ ಕೂತ. ಮಾತು ಮುಗಿದು ಇಬ್ಬರೂ ವಿದಾಯ ಹೇಳಿದರು.

"ಈಗ ಅವರು ಬಿಟ್ಟ ಜಾಗ ಖಾಲಿ ಇದೆಯಾ ಅಂತ ಕೇಳಿ, ಆಮೇಲೆ ಕರೀರಿ. ಗಟ್ಟಿಯಾಗಿ ಬೇಡ. ಮೈಕು ಹತ್ತಿರ ಹಿಡೀರಿ," ಎಂದರು ಮೇಷ್ಟ್ರು.

ಅವನು ಕರೆದ. ಗುಂಡಿ ಬಿಟ್ಟು ಕಾದ. ಬರೀ ಕರಕರ. ಮತ್ತೆ ಕರೆದ. ಮೂರನೆಯ ಸಲ ಕರೆಸಂಕೇತದ ಕೊನೆಯ ಅಕ್ಷರ ಗಂಟಲಲ್ಲೇ ಒಡೆಯಿತು. ಅವನು ಮೈಕು ಕೆಳಗಿಡುವಷ್ಟರಲ್ಲಿ ಕರಕರದ ಆಚೆಯಿಂದ ವಯಸ್ಸಾದ ಹೆಂಗಸಿನ ದನಿಯೊಂದು ಅವನ ಕರೆಸಂಕೇತವನ್ನು, ಒಡೆದುಹೋದ ಅಕ್ಷರವನ್ನೂ ಸೇರಿಸಿ, ಪೂರ್ತಿ ಹೇಳಿತು.

"ನೀವು ಚೆನ್ನಾಗಿ ಕೇಳಿಸ್ತಿದೀರಿ. ದನಿ ಸ್ವಲ್ಪ ಒರಟಾಗಿದೆ, ಸೆಟ್ಟಿನದೋ ನಿಮ್ಮದೋ ಗೊತ್ತಿಲ್ಲ. ನಾನು ಇಲ್ಲಿ ಜಗಲಿಯಲ್ಲಿ ಕೂತಿದೀನಿ, ಮೊದಲು ಭೂಗೋಳದ ಟೀಚರಾಗಿದ್ದೆ. ಮಂಗಳವಾರ ಸಂಜೆನೂ ಇಲ್ಲೇ ಇರ್ತೀನಿ. ಸಿಗ್ತೀರಾ? ಓವರ್."

ಮಂಡಿಯಲ್ಲಾಗಿದ್ದರೆ ಸಿಗುತ್ತೇನೆ ಎಂದು ಸಲೀಸಾಗಿ ಸುಳ್ಳು ಹೇಳುತ್ತಿದ್ದ. ಮೇಷ್ಟ್ರ ಮುಖ ನೋಡಿದ. ಅವರು ಕಿಟಕಿಯ ಕಡೆ ತಿರುಗಿಕೊಂಡರು.

"ಒರಟಾಗಿರೋದು ನಾನೇ ಅಮ್ಮ," ಎಂದ. "ಮಂಗಳವಾರ ನನ್ನ ಧ್ವನಿಪೆಟ್ಟಿಗೆ ತೆಗೀತಾರೆ. ಇವತ್ತು ಮೊದಲನೇ ಸಲ ಮಾತಾಡ್ತಿರೋದು. ಕೊನೇದೂ ಇದೇ. ಓವರ್."

ಗುಂಡಿ ಬಿಟ್ಟು ಮೈಕನ್ನು ಮೇಜಿನ ಕಡೆ ಇಳಿಸಿದ. 

"ಹಾಗಿದ್ರೆ ಮೈಕು ಕೆಳಗಿಡಬೇಡಿ," ಎಂದಿತು ದನಿ. "ನನಗೇನೂ ಕೆಲಸ ಇಲ್ಲ. ಹೇಳಿ, ಕೇಳಿಸ್ಕೊಳ್ತೀನಿ. ಓವರ್."

ಗುಂಡಿ ಒತ್ತಿದ.  ಮಧ್ಯಾಹ್ನದ ಟೊಮೇಟೊ ಕಥೆಯನ್ನೇ ಮತ್ತೆ ಹೇಳಲು ನಾಚಿಕೆಯಾಯಿತು. ಏನು ಹೇಳಲಿ ಅನ್ನುವ ಹಾಗೆ ಸುತ್ತ ನೋಡಿದ. ತೆರೆದ ಬಾಗಿಲಾಚೆ ನಡುಮನೆಯಲ್ಲಿ ಹೆಂಡತಿ ಆಸ್ಪತ್ರೆಯ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು.

"ಇಲ್ಲಿ ನನ್ನ ಹೆಂಡತಿ ಇದಾಳೆ," ಎಂದ ನಿಧಾನವಾಗಿ. "ಅಂಗಿ ಮಡಚ್ತಾ ಇದಾಳೆ. ಮುಂದುಗಡೆ ಗುಂಡಿ ಇರೋವೇ ಆರಿಸಿದಾಳೆ, ತಲೆ ಮೇಲಿಂದ ಹಾಕ್ಕೊಳ್ಳೋಕಾಗಲ್ವಲ್ಲ ಅಂತ. ನಾನು ಹೇಳಿರಲಿಲ್ಲ, ಅವಳೇ ಯೋಚಿಸಿದಾಳೆ. ಮೂರು ಅಂಗಿ. ಒಂದಕ್ಕೆ ಕಾಲರು ಬಿಚ್ಚಿ ಹೊಲಿದಿದಾಳೆ. ಯಾವಾಗ ಹೊಲಿದಳೋ, ನಾನು ನೋಡಲೇ ಇಲ್ಲ. ಕೂದಲು ಕಿವಿ ಹತ್ರ ಬೆಳ್ಳಗಾಗಿದೆ. ಮಡಚುವಾಗ ತುಟಿ ಒಳಗೆ ಎಳ್ಕೊಳ್ತಾಳೆ, ಮದುವೆಯಾದಾಗಿಂದ ಹಾಗೇನೇ…"

ಹೆಂಡತಿಯ ಕೈ ನಿಂತಿತು. ಅರ್ಧ ಮಡಚಿದ ಅಂಗಿಯನ್ನು ಸದ್ದಾಗದ ಹಾಗೆ ಎದೆಗೆ ಹಿಡಿದುಕೊಂಡು, ಈ ಸಲ ಅಡುಗೆಮನೆಗೆ ಹೋಗದೆ, ಅವನು ನೋಡುತ್ತಿದ್ದಲ್ಲೇ ನಿಂತಳು.