ನಲವತ್ತೊಂದನೆಯವನು

"ರಾಯದುರ್ಗದ ಸಮಸ್ತ ಮೋಟಾರು ಅಭಿಮಾನಿ ಮಹಾಜನಗಳಲ್ಲಿ ವಿಜ್ಞಾಪಿಸಿಕೊಳ್ಳುವುದೇನೆಂದರೆ, ನಮ್ಮ ವಾಯುವೇಗ ಮೋಟಾರ್ ಕ್ಲಬ್ಬಿನ ಮಾನ್ಯ ಅಧ್ಯಕ್ಷರಾದ ಸಿದ್ದಬಸಪ್ಪನವರ ಕುರ್ಚಿಗೆ ಹೊಸ ಟರ್ಕಿ ಟವೆಲ್ಲು ಬಂದಿದ್ದು, ಸದರಿ ಟವೆಲ್ಲಿನ ಲೋಕಾರ್ಪಣೆಯನ್ನು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ರೇಸಿನ ಬಯಲಿನಲ್ಲಿ ಇಟ್ಟುಕೊಳ್ಳಲಾಗಿದೆ. ತರುವಾಯ ಸರ್ವಸದಸ್ಯರ ಸಭೆ. ತರುವಾಯ ರೇಸು. ಹಳದಿ ಕಾರ್ಡಿನವರು ಹಗ್ಗದ ಆಚೆ, ನೆಲದ ಮೇಲೆ ಕೂರತಕ್ಕದ್ದು. ಕುಡಿಯುವ ನೀರು ಅವರವರೇ ತರತಕ್ಕದ್ದು."

ಮೈಕು ಕಟ್ಟಿಕೊಂಡ ಆಟೋ ಇದನ್ನೇ ತೆಲುಗಿನಲ್ಲಿ ಇನ್ನೊಮ್ಮೆ ಒದರಿ, ಟವೆಲ್ಲಿನ ಬಣ್ಣ ಬಿಳಿಯೋ ಗುಲಾಬಿಯೋ ಎಂಬ ಮಹಾಕುತೂಹಲವನ್ನು ಊರಿನ ತಲೆಗೆ ಕಟ್ಟಿ, ಮುಂದಿನ ಬೀದಿಗೆ ತಿರುಗಿತು. ಸಿದ್ದಬಸಪ್ಪನ ಜೀನ್ಸ್ ಯೂನಿಟ್ಟಿನಲ್ಲಿ ಇಸ್ತ್ರಿ ಮೇಜಿನ ಮುಂದೆ ನಿಂತಿದ್ದ ರಾಮಾಂಜಿ ಕೇಳುತ್ತ ಕೈ ನಿಲ್ಲಿಸಿದ್ದ. ನಿಲ್ಲಿಸಿದ್ದು ಎರಡು ಉಸಿರಿನಷ್ಟು ಹೊತ್ತು. ಅಷ್ಟರಲ್ಲಿ ಬೆನ್ನ ಹಿಂದೆ ಈಶ್ವರ್ ಇದ್ದ. ಈಶ್ವರ್ ಆರು ದಿನ ಯೂನಿಟ್ಟಿನ ಸೂಪರ್‌ವೈಸರ್, ಏಳನೆಯ ದಿನ ಕ್ಲಬ್ಬಿನ ಕಾರ್ಯದರ್ಶಿ. ಬೈಗುಳಕ್ಕೆ ಮಾತ್ರ ವಾರದ ರಜೆ ಇರಲಿಲ್ಲ.

"ಏನಲೇ ಬೋಳಿಮಗನೆ, ಟವೆಲ್ ನಿನ್ ಹೆಗಲ ಮ್ಯಾಲ ಹಾಕ್ತಾರಂತ ತಿಳ್ಕಂಡಿಯೇನು? ಪ್ಯಾಂಟ್ ಸುಟ್ಟೈತಿ ನೋಡು."

"ಸುಟ್ಟಿಲ್ರಿ."

"ಸುಟ್ಟೈತೋ ಇಲ್ಲೋ ನೀ ಹೇಳಬ್ಯಾಡ. ನಾ ಹೇಳ್ತೀನಿ."

ಈಶ್ವರ್ ಜೇಬಿನ ಪುಸ್ತಕ ತೆಗೆದು 'ಸುಟ್ಟಿದೆ' ಎಂದು ಬರೆದುಕೊಂಡು ಹೋದ. ಪ್ಯಾಂಟು ಮೇಜಿನ ಮೇಲೆ ಮದುಮಗನ ಮುಖದಂತೆ ಹೊಳೆಯುತ್ತಿತ್ತು. ಆದರೆ ಬರೆದ ಮೇಲೆ ಆಯಿತು. ಅದು ಸುಟ್ಟ ಪ್ಯಾಂಟು.

ಬೆಳುಗುಪ್ಪ ರಸ್ತೆಯ ಪಕ್ಕದ ಒಣಗಿದ ಕೆರೆಯಂಗಳದಲ್ಲಿ ಆ ರೇಸಿನ ಬಯಲನ್ನು ಮಾಡಿದ್ದು ಈ ಹಳದಿ ಕಾರ್ಡಿನವರೇ. ಯೂನಿಟ್ಟಿನಲ್ಲಿ ನೂಲು ಕತ್ತರಿಸುವವರು, ಬಟ್ಟೆ ತೊಳೆಯುವವರು, ಇಸ್ತ್ರಿ ತಿಕ್ಕುವವರು, ಸುತ್ತಲಿನ ನಾಲ್ಕಾರು ಕುರಿಯವರು. ಆರು ತಿಂಗಳು ಪ್ರತಿ ಭಾನುವಾರ ಬುಟ್ಟಿಯಲ್ಲಿ ಮಣ್ಣು ಹೊತ್ತು, ಗುಂಡುಕಲ್ಲು ಉರುಳಿಸಿ, ಮೊಟ್ಟೆಯಾಕಾರದ ದಾರಿ ಮಾಡಿದರು. ಕೂಲಿಯ ಬದಲು ಒಂದೊಂದು ಹಳದಿ ಕಾರ್ಡು ಸಿಕ್ಕಿತು. ನೀವೂ ಕ್ಲಬ್ಬಿನ ಸದಸ್ಯರು ಅಂದರು. ದಾರಿ ಮುಗಿದ ದಿನವೇ ಸುತ್ತ ಹಗ್ಗ ಬಂತು. ಸದಸ್ಯರು ಹಗ್ಗದ ಆಚೆ, ಮಹಾಸದಸ್ಯರಾದ ಇಪ್ಪತ್ತು ಮಂದಿ ಅಂಗಡಿ ಸಾವ್ಕಾರರು ಶಾಮಿಯಾನದ ಕೆಳಗೆ. ಮಣ್ಣಿನ ಕೆಲಸ ಮಾತ್ರ ಆಚೆಯವರಿಗೇ ಉಳಿಯಿತು. ನಾಲ್ಕು ಭಾನುವಾರ ಮಣ್ಣಿಗೆ ಬರದವನ ಕಾರ್ಡು ರದ್ದು.

ಆದರೂ ಬರುತ್ತಿದ್ದರು. ಯಾಕೆಂದರೆ ಅಂಜಿನಿ ಓಡಿಸುತ್ತಿದ್ದ.

ಅಂಜಿನಿ ಯೂನಿಟ್ಟಿನ ನೀಲಿ ನೀರಿನ ತೊಟ್ಟಿಯಲ್ಲಿ ಬಟ್ಟೆ ತೊಳೆಯುವವನು. ಸೈಲೆನ್ಸರ್ ಕಿತ್ತ ಹಳೇ ಗಾಡಿಯೊಂದನ್ನು ತಾನೇ ಬಿಚ್ಚಿ ತಾನೇ ಕಟ್ಟಿದ್ದ. ಬಳ್ಳಾರಿಯಿಂದ, ಅನಂತಪುರದಿಂದ ಹೊಳೆಯುವ ಗಾಡಿ ತರುವವರು ತಿರುವಿನಲ್ಲಿ ಬ್ರೇಕು ಹಿಡಿದರೆ, ಅವನು ಎಡಗಾಲು ನೆಲಕ್ಕೆ ಊರಿ ಗಾಡಿಯ ಹಿಂಭಾಗವನ್ನು ಹಾವಿನ ಬಾಲದ ಹಾಗೆ ಬೀಸಿ ಅವರ ಮುಂದೆ ಹೊರಳುತ್ತಿದ್ದ. ಆಗ ಹಗ್ಗದಾಚೆ ಕೂತವರೆಲ್ಲ ಒಟ್ಟಿಗೆ ಏಳುತ್ತಿದ್ದರು. ವಾರದಲ್ಲಿ ಅವರು ತಾವಾಗಿ ಎದ್ದು ನಿಲ್ಲುತ್ತಿದ್ದುದು ಆಗ ಮಾತ್ರ.

ಕಳೆದ ವರ್ಷದ ಸಂಕ್ರಾಂತಿ ರೇಸಿಗೆ ಯಾರೋ ದೊಡ್ಡ ಅತಿಥಿ ಬರುವವರಿದ್ದರು. ದಾರಿಗೆ ಹೊಡೆಯಬೇಕಾದ ಟ್ಯಾಂಕರಿನ ನೀರನ್ನೆಲ್ಲ ಶಾಮಿಯಾನದ ಮುಂದೆ ಹೊಡೆಸಿದರು, ಅತಿಥಿಯ ಬಿಳಿ ಬಟ್ಟೆಗೆ ಧೂಳು ಕೂರಬಾರದೆಂದು. ಮೂರನೆಯ ತಿರುವು ಸುಣ್ಣದಂತೆ ಒಣಗಿ ಬಿದ್ದಿತ್ತು. ಅಲ್ಲಿ ಕೆಂಪು ಬಾವುಟ ಹಿಡಿದು ನಿಂತಿದ್ದವನು ರಾಮಾಂಜಿ. ಅಂಜಿನಿ ಜಾರಿದ್ದನ್ನು ನೋಡಿದ, ಬಾವುಟ ಎತ್ತಿದ. ಆದರೆ ಆ ಧೂಳಿನಲ್ಲಿ ಬಾವುಟವಿರಲಿ, ಅದನ್ನು ಹಿಡಿದ ತನ್ನ ಕೈಯೇ ಅವನಿಗೆ ಕಾಣಲಿಲ್ಲ. ಹಿಂದೆ ಬರುತ್ತಿದ್ದ ಗಾಡಿಗಳು ಒಂದಾದ ಮೇಲೊಂದು ಬಂದವು. ನಿಲ್ಲಿಸ್ರಿ ಅಂತ ಇವನು ಕೂಗಿದರೆ, ಅತಿಥಿ ನೋಡಾಕತ್ಯಾರ, ನಡೀಲಿ ಅಂತ ಮೈಕಿನಲ್ಲಿ ಈಶ್ವರ್ ಕೂಗಿದ.

ರೇಸು ಮುಗಿದ ಮೇಲೆ ಹೆಣ ಬೆಳುಗುಪ್ಪ ರಸ್ತೆಯ ಮೋರಿಯ ಹತ್ತಿರ ಸಿಕ್ಕಿತು. ಅಲ್ಲಿಗೆ ಅದು ತಾನೇ ನಡೆದು ಹೋಗಿರಲಾರದು. ಕುಡಿದು ಬಿದ್ದು ಸತ್ತ ಎಂದು ಕ್ಲಬ್ಬು ಹೇಳಿತು. ಅಂಜಿನಿ ನೇಮಕಲ್ಲಿನ ಆಂಜನೇಯನ ಮುಂದೆ ಆಣೆ ಮಾಡಿ ಕುಡಿತ ಬಿಟ್ಟು ಏಳು ವರ್ಷವಾಗಿತ್ತು.

ಅಂದಿನಿಂದ ರಾಮಾಂಜಿಗೆ ಕಿವಿಯ ಕಾಟ. ಬೇರೆ ದಿನ ಇಸ್ತ್ರಿಯ ಹಬೆಯ ಸದ್ದಿನಲ್ಲಿ ಅಂಜಿನಿಯ ಗಾಡಿ ಸೀಳಿಕೊಂಡು ಹೋಗುತ್ತಿತ್ತು. ಭಾನುವಾರ ಮೂರನೆಯ ತಿರುವಿನಲ್ಲಿ ನಿಂತರೆ ಕಣ್ಣು ಎಂಟು ಗಾಡಿ ಎಣಿಸುತ್ತಿತ್ತು, ಕಿವಿ ಒಂಬತ್ತು. ಯಾರಿಗೂ ಹೇಳಲಿಲ್ಲ. ಕಣ್ಣಿನದು ತಪ್ಪೋ ಕಿವಿಯದು ತಪ್ಪೋ ಎಂದು ಅವನೇ ತೀರ್ಮಾನಿಸಿರಲಿಲ್ಲ.

ಅಂಜಿನಿಯ ಹೆಂಡತಿ, ಅದೇ ಯೂನಿಟ್ಟಿನಲ್ಲಿ ಬಟ್ಟೆ ತೊಳೆಯುವ ಹೇಮಾ ಹನ್ನೊಂದನೆಯ ದಿನ ಸಿದ್ದಬಸಪ್ಪನ ಮನೆಗೆ ಹೋದಳು. ಜೊತೆಗೆ ರಾಮಾಂಜಿ. ಸಿದ್ದಬಸಪ್ಪ ಕಟ್ಟೆಯ ಮೇಲೆ, ಇವರು ಅಂಗಳದಲ್ಲಿ. ಹಣೆಯ ತುಂಬ ವಿಭೂತಿ, ಬಾಯಿತುಂಬ ಅವ್ವಾ ತಾಯೀ. ಒಳಗಿಂದ ಒಂದು ಸೀರೆ ತರಿಸಿ, ಕೈಗೆ ಕೊಡದೆ, ಮೆಟ್ಟಿಲ ಮೇಲೆ ಇಡಿಸಿದ.

"ಸೀರಿ ಕೇಳಾಕ ಬಂದಿಲ್ರಿ," ಎಂದಳು ಹೇಮಾ. "ಒಂದು ಸಾಲು ಕೇಳಾಕ ಬಂದೀನಿ. ಮೂರ್ನೇ ತಿರುವಿನ್ಯಾಗ, ನಿಮ್ ರೇಸಿನ್ಯಾಗ ಸತ್ತ ಅಂತ ನಿಮ್ ಪುಸ್ತಕದಾಗ ಒಂದು ಸಾಲು ಬರೀರಿ."

ಸಾಲ ಕೇಳುವವರನ್ನು ಸಿದ್ದಬಸಪ್ಪ ದಿನಾ ನೋಡುತ್ತಿದ್ದ. ಸಾಲು ಕೇಳುವವಳನ್ನು ನೋಡಿದ್ದು ಮೊದಲ ಸಲ. ನಕ್ಕ.

"ಕುಡ್ದು ರೋಡಿನ್ಯಾಗ ಬಿದ್ದೋನಿಗೆ ನಮ್ ಪುಸ್ತಕದಾಗ ಜಾಗ ಎಲ್ಲೈತಿ ತಾಯಿ? ಸೀರಿ ತಗಂಡೋಗು. ನಾಳಿ ಕೆಲ್ಸಕ್ಕ ಬಾ."

ಸೀರೆ ಮೆಟ್ಟಿಲ ಮೇಲೆಯೇ ಉಳಿಯಿತು. ಆದರೆ 'ಕುಡುಕನ ಹೆಂಡ್ತಿ' ಎಂಬುದು ಅವಳ ಜೊತೆ ಮನೆಗೆ ಬಂತು. ನಲ್ಲಿಯ ಹತ್ತಿರ ಬಂತು, ಯೂನಿಟ್ಟಿನ ಬಾಗಿಲಲ್ಲಿ ಬಂತು, ಮಗಳು ಜ್ಯೋತಿಯ ಶಾಲೆಯಿಂದಲೂ ಬಂತು. ವರ್ಷ ತುಂಬುವ ಹೊತ್ತಿಗೆ ಅವಳಿಗೆ ಬೇರೇನೂ ಬೇಡವಾಗಿತ್ತು. ಆ ಒಂದು ಸಾಲು ಸಾಕಿತ್ತು.

ಯೋಜನೆ ಹುಟ್ಟಿದ್ದು ವಾಗೀಶನ ಜೆರಾಕ್ಸ್ ಅಂಗಡಿಯಲ್ಲಿ. ವಾಗೀಶ ಅರ್ಧ ವಕೀಲ. ಉಳಿದರ್ಧ ಪರೀಕ್ಷೆಯಲ್ಲಿ ಉಳಿದುಹೋಗಿತ್ತು. ಕ್ಲಬ್ಬಿನ ನಿಯಮಾವಳಿ ಪ್ರತಿ ಮಾಡಲು ಬಂದಾಗ ತನಗೊಂದು ಪ್ರತಿ ಇಟ್ಟುಕೊಂಡಿದ್ದ. ಬೆರಳು ಇಟ್ಟು ತೋರಿಸಿದ. ಸರ್ವಸದಸ್ಯರ ಸಭೆಯಲ್ಲಿ, ಪುಸ್ತಕದಲ್ಲಿರುವ ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲು ಮಂದಿ ಖುದ್ದಾಗಿ ಬಂದು ಕೈಯೆತ್ತಿದರೆ ಅಧ್ಯಕ್ಷ ಇಳಿಯಬೇಕು. ಮಹಾಸದಸ್ಯರು ಅಧ್ಯಕ್ಷನೂ ಸೇರಿ ಇಪ್ಪತ್ತು, ಹಳದಿ ಕಾರ್ಡಿನವರು ನಲವತ್ತು. ಒಟ್ಟು ಅರವತ್ತು, ಮೂರರಲ್ಲಿ ಎರಡು ಪಾಲು ಅಂದರೆ ನಲವತ್ತು.

"ಒಬ್ಬನೂ ತಪ್ಪಂಗಿಲ್ಲ ನೋಡು," ಎಂದ ವಾಗೀಶ. "ಮೂವತ್ತೊಂಬತ್ತು ಬಂದ್ರ ಯೂನಿಟ್ಟಿನ್ಯಾಗ ನಿಮ್ಮ ಹೆಣ ತೊಳಿತಾರ."

ರಾಮಾಂಜಿ ಊಟದ ಬಿಡುವಿನಲ್ಲಿ ಒಬ್ಬೊಬ್ಬರನ್ನೇ ಹಿಡಿದ. ಹೊಸ ಅಧ್ಯಕ್ಷ ಯಾರಾದರೂ ಆಗಲಿ, ಮೊದಲನೆಯ ಠರಾವು ಹೇಮಾಳ ಸಾಲು ಎಂದು ಮಾತಾಯಿತು. ಕೆಲಸ ಹೋದರೆ ಎಂದು ಹಲವರು ಕೇಳಿದರು. ಹೋದರೆ ಹೋಯಿತು ಎಂದು ಯಾರೂ ಅನ್ನಲಿಲ್ಲ. ಆದರೂ ಭಾನುವಾರ ಎಲ್ಲರೂ ಬಂದರು. ದೊಡ್ಡಬೀರಪ್ಪ ಗುಡ್ಡದಲ್ಲಿದ್ದ ಕುರಿ ಹಿಂಡನ್ನು ಹೆಂಡತಿಗೆ ಬಿಟ್ಟು, ಕಂಬಳಿ ಹೊದ್ದುಕೊಂಡೇ ಬಂದಿದ್ದ. ರಾಮಾಂಜಿ ಎರಡು ಸಲ ತಲೆ ಎಣಿಸಿದ. ನಲವತ್ತು.

ಟವೆಲ್ಲು ಗುಲಾಬಿಯಾಗಿತ್ತು. ತೆಂಗಿನಕಾಯಿ ಒಡೆದು, ರಿಬ್ಬನ್ ಕತ್ತರಿಸಿ, ಸಿದ್ದಬಸಪ್ಪ ಅದರ ಮೇಲೆ ಕೂತ. ಶಾಮಿಯಾನದವರು ಚಪ್ಪಾಳೆ ತಟ್ಟಿದರು. ರಾಮಾಂಜಿ ಹಗ್ಗದ ಕೆಳಗೆ ನುಸುಳಿ ಬಂದು ವಾಗೀಶ ಬರೆದುಕೊಟ್ಟ ಕಾಗದವನ್ನು ಮೇಜಿನ ಮೇಲಿಟ್ಟ. ಈಶ್ವರ್ ಓದಿದ, ಬೆವರಿದ, ಅಧ್ಯಕ್ಷನಿಗೆ ಕೊಟ್ಟ. ಅಧ್ಯಕ್ಷ ಓದಿದ. ಬೆವರಲಿಲ್ಲ.

"ನಿಯಮ ಅಂದ್ರ ನಿಯಮ. ಹಾಜರಿ ಕೂಗು," ಎಂದ.

ಈಶ್ವರ್ ಒಂದೊಂದೇ ಹೆಸರು ಕೂಗಿದ. ಇದ್ದೀನ್ರಿ, ಹೂಂ, ಬಂದೀನಪ್ಪ ಎಂದು ದನಿಗಳು ಬಂದವು. ರಾಮಾಂಜಿಯ ಹೆಸರಾದ ಮೇಲೆ ಇನ್ನೊಂದು ಹೆಸರು ಬಂತು.

"ಅಂಜಿನಿ."

ಗಾಳಿ ಇರಲಿಲ್ಲ. ಆದರೂ ಮೂರನೆಯ ತಿರುವಿನಲ್ಲಿ ಒಂದು ಹಿಡಿ ಧೂಳು ಎದ್ದು, ನಿಂತು, ಕೂತಿತು. ನೆಲದ ಮೇಲಿದ್ದವರು ಒಬ್ಬರನ್ನೊಬ್ಬರು ನೋಡಲಿಲ್ಲ. ಕೋರ್ಟಿನಲ್ಲಿ ಕೂಗುವ ಹಾಗೆ ಈಶ್ವರ್ ಇನ್ನೆರಡು ಸಲ ಕೂಗಿದ. ದೊಡ್ಡಬೀರಪ್ಪ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡ.

"ಒಟ್ಟು ಅರವತ್ತೊಂದು," ಎಂದ ಈಶ್ವರ್. "ಮೂರರಾಗ ಎರಡು ಪಾಲಂದ್ರ ನಲವತ್ತು ಮಂದಿ, ಮ್ಯಾಲ ಒಂದಷ್ಟು. ಅರ್ಧಂಬರ್ಧ ಮನುಷ್ಯ ಇರಂಗಿಲ್ಲ. ನಲವತ್ತೊಂದು ಬೇಕು. ನೀವು ನಲವತ್ತ ಅದೀರಿ."

ಅವನು ಸತ್ತು ವರ್ಷವಾಯಿತು ಎಂದು ರಾಮಾಂಜಿ ಅಂದ. ಹೇಮಾ ಸೆರಗಿನಿಂದ ಪುರಸಭೆಯ ಮರಣಪತ್ರ ತೆಗೆದು ಹಗ್ಗದ ಮೇಲೆ ಚಾಚಿದಳು. ಹಗ್ಗದಾಚೆಯಿಂದ ವಾಗೀಶ ಏನೋ ಕೂಗಿದ. ಸದಸ್ಯನಲ್ಲದವನು ಬಾಯಿ ಬಿಡುವಂತಿಲ್ಲ ಎಂದು ಅವನ ಬಾಯಿ ಮುಚ್ಚಿಸಿದರು. ಈಶ್ವರ್ ಹತ್ತೊಂಬತ್ತನೆಯ ನಿಯಮ ಓದಿದ. ಸತ್ತ ಸದಸ್ಯನ ಹೆಸರು ಹೊಡೆಯಲು ಕಮಿಟಿಯ ಠರಾವು ಬೇಕು. ಠರಾವು ಆಗಿಲ್ಲ.

"ಹಂಗೆಂಗ್ರಿ, ಸತ್ತೋನು ಸತ್ತೋನ ಅಲ್ಲೇನ್ರಿ?"

"ಅವ್ನು ಸತ್ತಾನಂತ ಯಾರಂದ್ರಲೇ ನಿನಗ? ಹೋದ ಭಾನ್ವಾರ ಮಣ್ಣು ಹೊತ್ತಾನಲ್ಲ."

ಈಶ್ವರ್ ಮೇಜಿನ ಕೆಳಗಿನಿಂದ ಇನ್ನೊಂದು ಪುಸ್ತಕ ತೆಗೆದು ಬಿಚ್ಚಿದ. ಭಾನುವಾರ ಮಣ್ಣಿಗೆ ಬಂದವರು ಹೆಸರು ಬರೆಯುವ ಪುಸ್ತಕ. ಪುಟ ತಿರುವಿದ. ಅಂಜಿನಿ. ಇನ್ನೊಂದು ಪುಟ. ಅಂಜಿನಿ. ಐವತ್ತೆರಡು ಭಾನುವಾರ, ಐವತ್ತೆರಡು ಅಂಜಿನಿ. ಒಂದು ವಾರವೂ ತಪ್ಪಿಲ್ಲ, ಹಾಗಾಗಿ ಕಾರ್ಡೂ ರದ್ದಾಗಿಲ್ಲ.

ಆ ಅಕ್ಷರ ಯಾರದೆಂದು ರಾಮಾಂಜಿಗೆ ಗೊತ್ತಿತ್ತು. ಅವನದೇ. ಅಂಜಿನಿಗೆ ಓದು ಬರೆಹ ಬರುತ್ತಿರಲಿಲ್ಲ. ಬದುಕಿದ್ದಾಗ ರಾಮಾಂಜಿ ತನ್ನ ಹೆಸರು ಬರೆದು ಕೆಳಗೆ ಅವನದನ್ನೂ ಬರೆಯುತ್ತಿದ್ದ. ಸತ್ತ ಮೊದಲ ಭಾನುವಾರ ಕೈ ತಾನಾಗಿಯೇ ಬರೆದುಬಿಟ್ಟಿತು. ಹೊಡೆದು ಹಾಕಲು ಹೋದ. ಗೆಳೆಯನ ಹೆಸರಿನ ಮೇಲೆ ಗೀಟು ಎಳೆಯುವುದೆಂದರೆ ಆ ತಿರುವಿನಲ್ಲಿ ಇನ್ನೊಂದು ಗಾಡಿ ಹತ್ತಿಸಿದ ಹಾಗೆ ಅನ್ನಿಸಿತು. ಬಿಟ್ಟ. ಮುಂದಿನ ವಾರ ತನ್ನ ಹೆಸರಿನ ಕೆಳಗಿನ ಖಾಲಿ ಜಾಗ ನೋಡಲಾಗಲಿಲ್ಲ, ತುಂಬಿದ. ಅಮಾವಾಸ್ಯೆಗೆ ಎಲೆಯ ತುದಿಯಲ್ಲಿ ತುತ್ತು ಇಡುವ ಹಾಗೆ, ವಾರಕ್ಕೊಂದು ಹೆಸರು. ಅದೊಂದು ಮಣ್ಣಿನ ಲೆಕ್ಕದ ಪುಸ್ತಕ, ಅದರಲ್ಲಿ ಯಾರು ಬದುಕಿರುತ್ತಾರೆಂದು ಯಾರು ನೋಡುತ್ತಾರೆ ಅಂದುಕೊಂಡಿದ್ದ.

ನೋಡುವವರು ನೋಡಿದ್ದರು. ನೋಡಿ ಸುಮ್ಮನಿದ್ದರು.

ಸಿದ್ದಬಸಪ್ಪ ಟವೆಲ್ಲಿನ ಮೇಲೆ ಮುಂದಕ್ಕೆ ಜರುಗಿದ. ದನಿ ತಗ್ಗಿಸಿ, ಮನೆಯವನ ಹಾಗೆ ಮಾತಾಡಿದ.

"ವರ್ಸಪೂರ್ತಿ ನೀನ ಹಾಕೀದಿ ಅಲ್ಲೇನು ರಾಮಾಂಜಿ? ಇವತ್ತೊಂದಿನ ಹಾಕಿಬಿಡು. ಅಂಜಿನಿ ಹಾಜರ್ ಅಂತ ಬರಿ. ನಲವತ್ತೊಂದಾತು. ನಾ ಈಗಿಂದೀಗ ಎದ್ದು ಹೋಗ್ತೀನಿ."

ಪೆನ್ನು ಚಾಚಿದ. ರಾಮಾಂಜಿ ತೆಗೆದುಕೊಂಡ. ಹಗ್ಗದಾಚೆಯಿಂದ ಬರಿ, ಬರಿ ಎಂದು ಯಾರೋ ಪಿಸುಗುಟ್ಟಿದರು. ಮೂರು ಅಕ್ಷರ, ಐವತ್ತೆರಡು ಸಲ ಬರೆದದ್ದು. ಬರೆದರೆ ಕುರ್ಚಿ ಸಿಗುತ್ತದೆ. ಆದರೆ ಇವತ್ತು ಹಾಜರಿದ್ದವನು ಹೋದ ವರ್ಷ ಸತ್ತ ಎಂದು ಆಮೇಲೆ ಅದೇ ಪುಸ್ತಕದಲ್ಲಿ ಯಾವ ಕೈಯಿಂದ ಬರೆಯುವುದು? ಅವನ ಕಿವಿಯಲ್ಲಿ ಒಂಬತ್ತನೆಯ ಗಾಡಿ ಹತ್ತಿರ ಬಂದು, ನಿಂತಲ್ಲೇ ಗುರುಗುಟ್ಟತೊಡಗಿತು.

"ಬ್ಯಾಡ ರಾಮಾಂಜಣ್ಣ," ಎಂದಳು ಹೇಮಾ. "ನನ್ ಗಂಡ ಸತ್ತಾನ."

ಗಂಡ ಬದುಕಲಿ ಎಂದು ಹಟ ಹಿಡಿದ ಸತಿಯರ ಕಥೆ ಊರಿಗೆ ಗೊತ್ತಿತ್ತು. ಸತ್ತಿದ್ದಾನೆ ಎಂದು ಹಟ ಹಿಡಿದವಳನ್ನು ಅದು ಅಂದೇ ನೋಡಿದ್ದು. ರಾಮಾಂಜಿ ಪೆನ್ನನ್ನು ಮೇಜಿನ ಮೇಲಿಟ್ಟ.

ಈಶ್ವರ್ ಅದೇ ಪೆನ್ನೆತ್ತಿ ನಡಾವಳಿ ಬರೆದು, ಮೈಕಿನಲ್ಲಿ ಓದಿದ. "ಪುಸ್ತಕದ ಪ್ರಕಾರ ಸದಸ್ಯರು ಅರವತ್ತೊಂದು. ಹಾಜರು ಅರವತ್ತು. ಅಂಜಿನಿ ಎಂಬ ಸದಸ್ಯ ಕಾರಣ ತಿಳಿಸದೆ ಗೈರುಹಾಜರು. ಒಂದು ಕೈ ಕಡಿಮೆಯಾದ ಕಾರಣ ಗೊತ್ತುವಳಿ ಬಿದ್ದಿದೆ. ಸಭೆ ಮುಗಿಯಿತು."

ಮಹಾಸದಸ್ಯರು ಎದ್ದರು. ಗಾಡಿಗಳು ಸಾಲಿಗೆ ಬಂದು ಒಂದೊಂದಾಗಿ ಹೊತ್ತಿಕೊಂಡವು. ಹೊಗೆ ಶಾಮಿಯಾನದ ಒಳಗೆ ನುಗ್ಗಿತು. ಆ ಗದ್ದಲದಲ್ಲಿ ಹೇಮಾ ಹಗ್ಗ ಎತ್ತಿ ಒಳಗೆ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಮೇಜಿನ ಹತ್ತಿರ ಬಂದು, ಎಲ್ಲಿ ಬರೆದಿದೆ ತೋರಿಸು ಎಂದಳು. ಅವಳನ್ನು ಬೇಗ ಕಳಿಸುವ ಅವಸರದಲ್ಲಿ ಈಶ್ವರ್ ತೋರಿಸಿದ. ಹೇಮಾ ಆ ಸಾಲಿನ ಮೇಲೆ ಬೆರಳಿಟ್ಟಳು. ಯೂನಿಟ್ಟಿನ ನೀಲಿ ಉಗುರಿನ ಒಳಗಿನವರೆಗೂ ಇಳಿದಿದ್ದ ಬೆರಳು.

"ತೆಗಿಯಲೇ ಕೈ. ಪುಸ್ತಕ ಮುಚ್ಚಬೇಕು."

"ಕಾರಣ ತಿಳ್ಸಿಲ್ಲ ಅಂತ ಬರ್ದೀದಿ. ನಾ ತಿಳಿಸ್ತೀನಿ. ಬರ್ಕ."

ಈಶ್ವರ್ ಪುಸ್ತಕದ ರಟ್ಟನ್ನು ಅವಳ ಕೈಯ ಮೇಲೆಯೇ ಒತ್ತಿದ. ಬೆರಳು ಅಲುಗಲಿಲ್ಲ. ಅವನು ಕುರ್ಚಿಯ ಕಡೆ ನೋಡಿದ. ಸಿದ್ದಬಸಪ್ಪ ಬಾಯಿಯಾಡಿಸಿ ಏನೋ ಹೇಳಿದ, ಗಾಡಿಗಳ ಸದ್ದಿನಲ್ಲಿ ಅದು ಕೇಳಿಸಲಿಲ್ಲ. ರಾಮಾಂಜಿ ಬಂದು ಹೇಮಾಳ ಪಕ್ಕ ನಿಂತ. ಅವನ ಹಿಂದೆ ಹಗ್ಗ ಎಲ್ಲೋ ಸಡಿಲಾಗಿ ನೆಲಕ್ಕೆ ಬಿತ್ತು. ಯಾರೂ ಕೂತಿರಲಿಲ್ಲ.

"ಬರ್ಕ," ಎಂದಳು ಹೇಮಾ. ಧೂಳು ಬಂದು ಹಸಿ ಶಾಯಿಯ ಮೇಲೆ, ಅವಳ ಬೆರಳಿನ ಮೇಲೆ ಕೂರುತ್ತಿತ್ತು. "ಮೂರ್ನೇ ತಿರುವಿನ್ಯಾಗ ನೀರಿರಲಿಲ್ಲ. ಅಲ್ಲಿಂದ ಸುರು ಮಾಡು."